ಕೊಟ್ರಾ ಪೆಟ್ಟಿಗೆ ಮತ್ತು ನಮ್ಮಮ್ಮನ ಕಣ್ಣು

ಶಿಡ್ಲಘಟ್ಟದಲ್ಲಿ ನನ್ನ ಬಗ್ಗೆ ಜನ ನಂಬಿಕೊಂಡಿದ್ದ ಸಂಗತಿಗಳಲ್ಲಿ ಮುಖ್ಯವಾದದ್ದು ನನಗೆ ಇಂಗ್ಲಿಷ್ ಬರುತ್ತದೆ ಎಂಬುದು. ನಂಬದೆ ಇನ್ನೇನು ಮಾಡಿಯಾರು? ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಅದನ್ನೇ ಪಾಠ ಮಾಡಿದವನು ನಾನು. ಯಾವ ವಾಕ್ಯ ಕೊಟ್ಟರೂ ಕರ್ತರಿಯಿಂದ ಕರ್ಮಣಿಗೆ ದೋಸೆ ಮಗುಚಿದ ಹಾಗೆ ಮಗುಚಿ ಹಾಕುತ್ತಿದ್ದೆ. ಬೀದಿಯವರಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬೇಕಾದರೂ, ಬಂದ ತಂತಿಯನ್ನು ಓದಿಸಿಕೊಳ್ಳಬೇಕಾದರೂ ನಮ್ಮ ಮನೆಯ ಜಗಲಿಯೇ ಗತಿ. ಈಗ ನಿವೃತ್ತನಾಗಿದ್ದೇನೆ, ಇನ್ನು ಯಾರೂ ನನ್ನಿಂದ ಏನನ್ನೂ ಕಿತ್ತುಕೊಳ್ಳಲಾರರು ಎಂಬ ಧೈರ್ಯದಲ್ಲಿ ನಿಜ ಹೇಳಿಬಿಡುತ್ತೇನೆ. ನನಗೆ ಬರುತ್ತಿದ್ದದ್ದು ಕಾಗದದ ಮೇಲೆ ತೆಪ್ಪಗೆ ಮಲಗಿರುವ ಇಂಗ್ಲಿಷ್. ಅದೇ ಇಂಗ್ಲಿಷ್ ಎದ್ದು ಯಾರದಾದರೂ ಬಾಯಿಂದ ಹೊರಟಿತೋ, ಆಮೇಲೆ ನನಗೂ ಹಿತ್ತಲಿನಲ್ಲಿ ಕಟ್ಟಿದ್ದ ಎಮ್ಮೆಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗೆ ಕೇಬಲ್ ಟೀವಿ ಬರುವವರೆಗೂ ಈ ಗುಟ್ಟು ಭದ್ರವಾಗಿತ್ತು.

ಕೇಬಲ್ಲಿನಲ್ಲಿ ಸಂಜೆ ಆರಕ್ಕೆ ಒಂದು ಇಂಗ್ಲಿಷ್ ಕಾರ್ಟೂನು ಬರುತ್ತಿತ್ತು. ಒಬ್ಬ ದಡೂತಿ ಬೇಕರಿಯವನು, ಅವನ ಹೆಂಡತಿ, ಮಾತಾಡುವ ಒಂದು ಹೇಸರಗತ್ತೆ, ಇಷ್ಟೇ ಸಂಸಾರ. ಬೇಕರಿಯವನಿಗೆ ಒಂದೇ ಒಂದು ಚಟ. ಬ್ರೆಡ್ಡನ್ನು ಒಲೆಗೆ ಇಟ್ಟು, ಬೀದಿಯ ಕೊನೆಯ ಅಂಗಡಿಗೆ ಓಡುತ್ತಿದ್ದ. ಅಲ್ಲಿ ಬೀರುವಿನಷ್ಟು ಎತ್ತರದ ಒಂದು ಆಟದ ಪೆಟ್ಟಿಗೆ. ಅದರೊಳಗೆ ಇಬ್ಬರು ಜಗಜಟ್ಟಿಗಳು ಹೊಡೆದಾಡುತ್ತಿದ್ದರು. ಅದರಲ್ಲೊಬ್ಬ ಹಸಿರು ಟೋಪಿಯವನು. ಅವನು ಒಂದು ಗುದ್ದು ಕೊಟ್ಟರೆ ಎದುರಾಳಿ ಮೋಡ ದಾಟಿ, ಚಂದ್ರನಿಗೆ ಡಿಕ್ಕಿ ಹೊಡೆದು, ಮತ್ತೆ ಅದೇ ಜಾಗಕ್ಕೆ ಬಂದು ಬೀಳುತ್ತಿದ್ದ. ಅಷ್ಟರಲ್ಲಿ ಇತ್ತ ಬ್ರೆಡ್ಡು ಇದ್ದಿಲಾಗಿರುತ್ತಿತ್ತು. ದಿನಾ ಇದೇ ಕಥೆ. ಆದರೂ ನಾನು ಎವೆಯಿಕ್ಕದೆ ನೋಡುತ್ತಿದ್ದೆ. ಟೀವಿಯೊಳಗೊಂದು ಪೆಟ್ಟಿಗೆ, ಆ ಪೆಟ್ಟಿಗೆಯೊಳಗೆ ಇನ್ನೊಂದು ಲೋಕ! ಅದನ್ನು ನೋಡುತ್ತ ಬೇಕರಿಯವನು ಬಾಯಿ ಬಿಡುತ್ತಿದ್ದ, ಅವನನ್ನು ನೋಡುತ್ತ ನಾವು ಬಾಯಿ ಬಿಡುತ್ತಿದ್ದೆವು. ಇದನ್ನು ಯೋಚಿಸಿದ ತಲೆ ಎಂಥದ್ದಿರಬೇಕು ಎಂದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನನಗಿಂತ ಹೆಚ್ಚು ಮರುಳಾದವಳು ನಮ್ಮಮ್ಮ. ಅವಳದು ದಿಬ್ಬೂರಹಳ್ಳಿಯ ತೌರು. ನಮ್ಮೊಂದಿಗೆ ಕನ್ನಡ, ಕೋಪ ಬಂದರೂ ಖುಷಿಯಾದರೂ ತೆಲುಗು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಎಡಗಣ್ಣು ಹೆಚ್ಚುಕಡಿಮೆ ಮುಗಿದಿತ್ತು, ಬಲಗಣ್ಣು ಅದರ ಹಿಂದೆಯೇ ಹೊರಟಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಆಪರೇಷನ್ ಮಾಡಿಸಿಬಿಡಿ, ಇನ್ನು ತಡ ಮಾಡಿದರೆ ನಾನು ಜವಾಬ್ದಾರನಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಮ್ಮ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಕಣ್ಣಿಗೆ ಕತ್ತರಿ ಹಾಕಿಸ್ಕೊಳಕ್ಕೆ ನಾನೇನು ಬಟ್ಟೆನೇನೋ?" ಎನ್ನುತ್ತಿದ್ದಳು. ಟೀವಿಗೆ ಮೂಗು ತಗಲುವಷ್ಟು ಹತ್ತಿರ ಕೂತು, ಕಂಡದ್ದನ್ನು ಕಂಡಷ್ಟು ನೋಡಿ, ಮಿಕ್ಕಿದ್ದನ್ನು ಕಿವಿಯಲ್ಲಿ ತುಂಬಿಕೊಳ್ಳುತ್ತಿದ್ದಳು.

ಆ ಹಸಿರು ಟೋಪಿಯವನು ಗುದ್ದಿದಾಗಲೆಲ್ಲ ಪೆಟ್ಟಿಗೆಯೊಳಗಿಂದ ಒಂದು ದಪ್ಪ ಗಂಟಲು ಏನೋ ಕೂಗುತ್ತಿತ್ತು. ಒಂದು ಸಂಜೆ ಅಮ್ಮ, "ಏನಂತ ಕೂಗ್ತಾನೋ ಅವ್ನು?" ಎಂದು ಕೇಳಿದಳು. ಅಕ್ಕಪಕ್ಕದ ನಾಲ್ಕು ಮನೆಯವರು ಕೂತಿದ್ದರು. ನಾನು ಕೆಮ್ಮಿದೆ. ಕನ್ನಡಕ ಒರೆಸಿಕೊಂಡೆ. "ಅದು ಸ್ವಲ್ಪ ಹಳೇ ಕಾಲದ ಇಂಗ್ಲಿಷಮ್ಮ," ಎಂದೆ. ಅಮ್ಮ ಮತ್ತೊಮ್ಮೆ ಕಿವಿಗೊಟ್ಟು ಕೇಳಿ, ಇದ್ದಕ್ಕಿದ್ದಂತೆ ತೊಡೆ ತಟ್ಟಿದಳು. "ಯಾವ ಇಂಗ್ಲಿಷೋ? ಕೊಟ್ರಾ, ಕೊಟ್ರಾ ಅಂತಾನೆ! ತೆಲುಗು ಕಣೋ!" ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದೆವು. ಹೌದು! ಕೊಟ್ರಾ! ಹೊಡಿಯೋ ಎಂದು ಅಪ್ಪಟ ತೆಲುಗಿನಲ್ಲಿ ಹುರಿದುಂಬಿಸುತ್ತಿದ್ದಾನೆ! ನಮ್ಮ ಸೀಮೆಯ ಮಾತು ಏಳು ಸಮುದ್ರ ದಾಟಿ, ಕಾರ್ಟೂನಿನೊಳಗಿನ ಪೆಟ್ಟಿಗೆಯ ಒಳಗೂ ಹೊಕ್ಕಿದೆಯಲ್ಲ ಎಂದು ಎಲ್ಲರಿಗೂ ರೋಮಾಂಚನ. ಪಕ್ಕದ ಮನೆಯವರು ನನ್ನತ್ತ ತಿರುಗಿ, "ಅಲ್ವಾ ಮೇಷ್ಟ್ರೇ?" ಎಂದರು. ಹದಿನೈದು ದಿನದಿಂದ ಆ ಪದಕ್ಕೆ ತಿಣುಕಾಡುತ್ತಿದ್ದ ನಾನು, "ನಾನೂ ಅದೇ ಹೇಳೋಣ ಅಂತಿದ್ದೆ," ಎಂದುಬಿಟ್ಟೆ.

ಅವತ್ತಿನಿಂದ ಆರು ಗಂಟೆಯಾದರೆ ಅಮ್ಮ "ಕೊಟ್ರಾ! ಇಂಕೊಕಟಿ ಕೊಟ್ರಾ!" ಎಂದು, ಇನ್ನೊಂದು ಬಾರಿಸೋ ಎಂದು ಕೂಗುವುದು ಮೂರು ಮನೆ ಆಚೆಗೂ ಕೇಳುತ್ತಿತ್ತು. ಒಂದು ದಿನ ನಾನು ಆಪರೇಷನ್ ಮಾತೆತ್ತಿದಾಗ ಅವಳು ಟೀವಿಯಿಂದ ಮುಖ ತಿರುಗಿಸದೆ ಹೇಳಿದಳು: "ಆ ಕೊಟ್ರಾ ಪೆಟ್ಟಿಗೇನ ನಾನೂ ಒಂದ್ಸಲ ಕೈಯಾರೆ ಆಡ್ಬೇಕು ಕಣಪ್ಪ. ಆಡಿಸು. ಆಮೇಲೆ ಕಣ್ಣಾದ್ರೂ ಕೀಳ್ಸು, ಕಿವಿಯಾದ್ರೂ ಕೀಳ್ಸು." ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಟೀವಿಯಲ್ಲಿ ತೋರಿಸಿದ ಸೋಪು ಅಂಗಡಿಯಲ್ಲಿ ಸಿಗುತ್ತದೆ, ಈ ಪೆಟ್ಟಿಗೆ ಏಕೆ ಸಿಗಬಾರದು ಎಂಬುದು ನನ್ನ ತರ್ಕ.

ಚಿಂತಾಮಣಿಯಲ್ಲಿ ಮೇಷ್ಟ್ರುಗಳಿಗೆ ಒಂದು ತರಬೇತಿಯಿತ್ತು. ಮಧ್ಯಾಹ್ನ ಅದನ್ನು ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರುವಾಗ ಪರದೆ ಇಳಿಬಿಟ್ಟ ಒಂದು ವಿಡಿಯೋ ಗೇಮ್ ಅಂಗಡಿ ಕಂಡಿತು. ಹಳೆಯ ಶಿಷ್ಯರ್‍ಯಾರಾದರೂ ನೋಡಿಯಾರೆಂದು ಆಚೀಚೆ ನೋಡಿ ಒಳಗೆ ನುಗ್ಗಿದೆ. ಅಂಗಡಿಯ ಯಜಮಾನ ಚಾಂದ್ ಪಾಷ, ನನ್ನ ವಯಸ್ಸಿನವರೇ. ಮೆಲ್ಲಗೆ, "ನಿಮ್ಮಲ್ಲಿ ಕೊಟ್ರಾ ಆಗುತ್ತಾ?" ಎಂದು ಕೇಳಿದೆ. ಅವರು ನನ್ನ ಕೊಡೆ, ಕೈಚೀಲ, ಚಪ್ಪಲಿ ಎಲ್ಲವನ್ನೂ ನೋಡಿದರು. "ಯಾರನ್ನ ಹೊಡೀಬೇಕು ಸಾರ್? ನೋಡಿದ್ರೆ ಮರ್ಯಾದಸ್ಥರ ಥರ ಇದೀರಿ. ನಾವು ಆ ಲೈನ್‌ನವರಲ್ಲ," ಎಂದರು.

ನಾನು ಬೆವರುತ್ತ ಬೇಕರಿಯವನು, ಹೇಸರಗತ್ತೆ, ಹಸಿರು ಟೋಪಿ ಎಲ್ಲವನ್ನೂ ವಿವರಿಸಿದೆ. ಅವರು ಮೇಜು ಕುಟ್ಟಿ ನಕ್ಕರು. "ಓ, ಕೋಬ್ರಾ! ಕೋಬ್ರಾ ಸಾರ್, ನಾಗರಹಾವು! ಟೋಪಿ ಹೆಡೆ ಥರ ಇರಲ್ವಾ? ನೀವು ಯಾವ ಸಬ್ಜೆಕ್ಟ್ ಮೇಷ್ಟ್ರು ಸಾರ್?"

"ಗಣಿತ," ಎಂದೆ.

ನಗು ನಿಂತ ಮೇಲೆ ಅವರು ಇನ್ನೊಂದು ಏಟು ಕೊಟ್ಟರು. ಆ ಆಟ ಚಿಂತಾಮಣಿಯಲ್ಲಷ್ಟೇ ಅಲ್ಲ, ಪ್ರಪಂಚದಲ್ಲೇ ಎಲ್ಲೂ ಇಲ್ಲವಂತೆ. "ಕಾರ್ಟೂನವ್ರು ಕಾರ್ಟೂನಿಗೋಸ್ಕರ ಬರ್‍ಕೊಂಡಿರೋದು ಸಾರ್ ಅದು. ಚಿತ್ರದಲ್ಲಿರೋ ಕೆರೇಲಿ ಬಟ್ಟೆ ಒಗಿಯಕ್ಕಾಗುತ್ತಾ?" ಪೆಟ್ಟಿಗೆ ಇಲ್ಲವೆಂದರೆ ಅಮ್ಮನ ಒಪ್ಪಿಗೆಯೂ ಇಲ್ಲ, ಕಣ್ಣೂ ಇಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿಕೊಂಡೆ. ಪಾಷ ಸಾಹೇಬರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. "ಕರ್ಕೊಂಬನ್ನಿ ಅಮ್ಮಾನ. ಹೊಡೆದಾಡೋ ಗೇಮು ನಮ್ಮತ್ರಾನೂ ಒಂದಿದೆ. ಕೊಟ್ರಾ ಅಂತ ಕೂಗ್ಬೇಕು ತಾನೆ? ನಾನ್ ಕೂಗ್ತೀನಿ," ಎಂದರು.

ಭಾನುವಾರ ಅಮ್ಮ ಮದುವೆಗೆ ಉಡುವ ಸೀರೆ ಉಟ್ಟು ಬಸ್ಸು ಹತ್ತಿದಳು. ಪಾಷ ಸಾಹೇಬರು ಪೆಟ್ಟಿಗೆಯ ಹಿಂದೆ ಹೋಗಿ ನಿಂತರು. ಅಮ್ಮ ಒಂದು ಕಡೆ, ನಾನೊಂದು ಕಡೆ. ಗುಂಡಿ ಒತ್ತುವುದನ್ನು ಹೇಳಿಕೊಟ್ಟದ್ದಾಯಿತು. ಆಟ ಶುರುವಾಯಿತು. ನಾನು ಹತ್ತು ಬೆರಳಲ್ಲೂ ಕುಟ್ಟಿದೆ. ಕೆಂಪು ಪಟ್ಟಿಯವನು ನೀಲಿ ಪಟ್ಟಿಯವನನ್ನು ಎತ್ತಿ ಎತ್ತಿ ಕುಕ್ಕಿದ. ವಯಸ್ಸಾದವಳು, ಬೇಜಾರಾಗಬಾರದು ಎಂದುಕೊಂಡು, "ಸೋತೆ ಅಂತ ಬೇಸರ ಮಾಡ್ಕೋಬೇಡಮ್ಮ, ನನಗೆ ಸ್ವಲ್ಪ ಕೈ ಪಳಗಿದೆ ಅಷ್ಟೆ," ಎಂದೆ. ಪೆಟ್ಟಿಗೆಯ ಹಿಂದಿನಿಂದ ಪಾಷ ಸಾಹೇಬರ ತಲೆ ಮಾತ್ರ ಹೊರಗೆ ಬಂತು. "ಸಾರ್, ಅಮ್ಮಾದು ಕೆಂಪು. ಬಿದ್ದಿರೋದು ನೀವು."

ಎರಡನೆಯ ಸಲ ಸೋಲುವುದಕ್ಕೆ ಅಷ್ಟು ಹೊತ್ತೂ ಹಿಡಿಯಲಿಲ್ಲ. ಆಮೇಲೆ ನಾನು ಪಕ್ಕಕ್ಕೆ ಸರಿದು ನಿಂತೆ, ಅಮ್ಮ ಯಂತ್ರದ ಜೊತೆಗೇ ಸೆಣಸಿದಳು. ಆಗ ಕಂಡದ್ದನ್ನು ಹೇಗೆ ಹೇಳಲಿ? ಅವಳು ಪರದೆಯನ್ನು ನೋಡುತ್ತಲೇ ಇರಲಿಲ್ಲ. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಕಿವಿಯನ್ನು ಪೆಟ್ಟಿಗೆಗೆ ಕೊಟ್ಟಿದ್ದಳು. ಎದುರಾಳಿ ಗುದ್ದುವ ಮೊದಲು "ಹುಂ" ಎಂದು ಉಸಿರೆಳೆಯುತ್ತಾನೆ, ಅದು ನನಗೆ ಗೊತ್ತೇ ಆಗಿರಲಿಲ್ಲ. ಆ ಹುಂಕಾರ ಮುಗಿಯುವಷ್ಟರಲ್ಲಿ ಅಮ್ಮನ ಬೆರಳು ಇಳಿದಿರುತ್ತಿತ್ತು. ಮೂವತ್ತು ವರ್ಷ ರೇಷ್ಮೆಹುಳು ಸಾಕಿದವಳು ಅವಳು. ಹುಳುಗಳು ಸೊಪ್ಪು ಮೇಯುವ ಸದ್ದನ್ನು ಕತ್ತಲ ಕೋಣೆಯ ಬಾಗಿಲಲ್ಲೇ ನಿಂತು ಕೇಳಿ, ಯಾವ ತಟ್ಟೆಗೆ ಹಸಿವು, ಯಾವುದಕ್ಕೆ ಹೊಟ್ಟೆ ತುಂಬಿದೆ ಎಂದು ಹೇಳುತ್ತಿದ್ದಳು. ಅದೇ ಕಿವಿ. ಪಾಷ ಸಾಹೇಬರು "ಕೊಟ್ರಾ! ಕೊಟ್ರಾ!" ಎಂದು ಕೂಗುವುದನ್ನು ಮರೆತು ಎದುರಿಗೇ ಬಂದು ನಿಂತಿದ್ದರು. ಒಬ್ಬ, ಇಬ್ಬರು, ಐವರು ಜಟ್ಟಿಗಳು ಮಣ್ಣುಮುಕ್ಕಿದರು. ಇವಳ ಹೊಟ್ಟೆಯಲ್ಲಿ ಹುಟ್ಟಿ, ಇವಳ ಕೈತುತ್ತು ತಿಂದು, ನಲವತ್ತೆಂಟು ವರ್ಷ ಇವಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಅನ್ನಿಸಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಳು. ಆಮೇಲೆ, "ಅದು ಆ ಪೆಟ್ಟಿಗೆ ಅಲ್ಲ ಕಣೋ," ಎಂದಳು. "ಕೂಗಿದ್ದು ಆ ಸಾಬ್ರು. ಪಾಪ, ಗಂಟ್ಲು ಒಣಗೋ ಹಂಗೆ ಕೂಗಿದ್ರು. ಒಂದ್ ಲೋಟ ನೀರಾದ್ರೂ ಕೊಡಿಸ್ಬಾರ್ದಿತ್ತಾ?" ಇನ್ನೇನು, ಮಾತು ಮುರಿಯಿತು, ಆಪರೇಷನ್ ಹೋಯಿತು ಎಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡಳು. "ಕಾಣ್ದೆನೇ ಇಷ್ಟು ಹೊಡೆದಿದೀನಿ. ಕಂಡ್ರೆ ಇನ್ನೆಷ್ಟು ಹೊಡೀತೀನೋ ನೋಡೇಬಿಡಣ. ನಾಳೆನೇ ಡಾಕ್ಟ್ರ ಹತ್ರ ಹೋಗಣ ನಡಿ."

ಮಾರನೆಯ ದಿನ ರಜೆ ಹಾಕಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಿಗೆ ನಂಬಲಾಗದಷ್ಟು ಸಂತೋಷ. ಶುಕ್ರವಾರವೇ ಆಪರೇಷನ್ ಎಂದು ಬರೆದುಕೊಂಡು, ಪರೀಕ್ಷೆಯ ಕುರ್ಚಿಯಲ್ಲಿ ಕೂತುಕೊಳ್ಳಿ ಎಂದರು. ಅಮ್ಮ ಕೂರಲಿಲ್ಲ, ನನ್ನ ರಟ್ಟೆ ಹಿಡಿದು ಆ ಕುರ್ಚಿಗೆ ತಳ್ಳಿದಳು. "ಮೊದ್ಲು ಇವನ್ದು ನೋಡಿ ಡಾಕ್ಟ್ರೇ. ನಂಗಾದ್ರೆ ಎದುರಿಗಿರೋರು ಕಾಣಲ್ಲ, ಅಷ್ಟೇ. ಇವ್ನಿಗೆ ತಾನು ಬಿದ್ದಿರೋದೇ ಕಾಣಲ್ಲ."

ಡಾಕ್ಟರು ನಕ್ಕರು, ಆದರೂ ಅಮ್ಮನ ಗತ್ತಿಗೆ ಹೆದರಿ ಟಾರ್ಚು ಹಾಕಿ ನನ್ನ ಎರಡು ಕಣ್ಣನ್ನೂ ಅರಳಿಸಿ ಅರಳಿಸಿ ನೋಡಿದರು. ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿಸಿದರು. ಒಂದನ್ನೂ ತಪ್ಪದೆ ಓದಿದೆ. "ಕಣ್ಣಲ್ಲಿ ಏನೂ ದೋಷ ಇಲ್ಲಮ್ಮ, ಈಗಿರೋ ಕನ್ನಡಕವೇ ಸಾಕು," ಎಂದರು.

ಅಮ್ಮ ಉಸ್ಸೆಂದು ನಿಟ್ಟುಸಿರು ಬಿಟ್ಟಳು. "ಕಣ್ಣಲ್ಲೇ ಇದ್ದಿದ್ರೆ ಚೆನ್ನಾಗಿತ್ತು."