ಹತ್ತು ಸೆಕೆಂಡು ಕಾಯದ ರಬ್ಬರ್ ಹಸುವಿಗೆ

ಮಾನ್ಯರೇ,

ಪಶುವೈದ್ಯ ಕಾಲೇಜಿನ ಎರಡನೇ ಮಹಡಿಯ ಅಭ್ಯಾಸ ಕೊಠಡಿಯಲ್ಲಿ, ಕಿಟಕಿಯ ಪಕ್ಕ, ನಾಲ್ಕು ಕಾಲಿಗೂ ಬೋಲ್ಟು ಬಿಗಿಸಿಕೊಂಡು, ಹೊರಗೆ ಫೈಬರ್ ಮೈಯನ್ನೂ ಒಳಗೆ ರಬ್ಬರ್ ಕರುಳನ್ನೂ ಧರಿಸಿ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಪರದೇಶದಿಂದ ಬಂದು ಅರ್ಧ ವರ್ಷವನ್ನು ತಮ್ಮ ಬೆನ್ನ ಹಿಂದೆಯೇ ಕಳೆದ ವಿದ್ಯಾರ್ಥಿನಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕ್ಷೇಮವಾಗಿಲ್ಲದಿರುವ ಸೌಲಭ್ಯವನ್ನು ತಮ್ಮನ್ನು ತಯಾರಿಸಿದ ಕಂಪನಿಯವರು ಒದಗಿಸಿಲ್ಲ. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣ, ಖಾಸಗಿಯಾಗಿ ಬರೆದರೆ ತಾವು ಓದುವುದಿಲ್ಲ ಎಂಬುದು. ಬಹಿರಂಗವಾಗಿ ಬರೆದರೂ ತಾವು ಓದುವುದಿಲ್ಲ, ಆದರೆ ಬೇರೆ ಯಾರಾದರೂ ಓದಿಯಾರು.

ತಮಗೆ ನನ್ನ ಬಲಗೈಯ ಪರಿಚಯ ಭುಜದವರೆಗೂ ಇದೆ. ಉಳಿದ ಭಾಗದ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಎತ್ತರ ಐದಡಿಗೆ ಒಂದಿಂಚು ಕಡಿಮೆ; ಕಾಲೇಜಿನವರು ಕೊಟ್ಟ ಅತಿ ಚಿಕ್ಕ ಮೇಲಂಗಿಯ ತೋಳನ್ನು ನಾಲ್ಕು ಸುತ್ತು ಮಡಚಿದರೆ ಮಾತ್ರ ನನ್ನ ಬೆರಳುಗಳು ಲೋಕಕ್ಕೆ ಕಾಣುತ್ತವೆ. ಊರಿನಲ್ಲಿ ಅಮ್ಮ ಎಲ್ಲರಿಗೂ "ನಮ್ಮ ಹುಡುಗಿ ಫಾರಿನ್‌ನಲ್ಲಿ ಡಾಕ್ಟರ್ ಓದ್ತಿದಾಳೆ" ಎಂದು ಹೇಳಿಕೊಂಡು ಬಂದಿದ್ದಾಳೆ, ಯಾರಿಗೆ ಡಾಕ್ಟರ್ ಎಂದು ಕೇಳಿದವರಿಗೆ ಕಾಫಿ ಕೊಟ್ಟು ಮಾತು ಮರೆಸುತ್ತಾಳೆ. ನನಗೆ ಈ ದಾರಿ ಹಿಡಿಸಿದವಳು ಚಿಕ್ಕಮ್ಮ. ಆಕೆ ಪಶು ಆಸ್ಪತ್ರೆಯಲ್ಲಿ ಡಾಕ್ಟರರ ಸಹಾಯಕಿ, ಸ್ಕೂಟರಿನಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡುತ್ತಾ ಹಸು ಗಬ್ಬವಾಗಿದೆಯೋ ಇಲ್ಲವೋ ಎಂದು ಹಿಂಭಾಗದಿಂದ ಕರುಳೊಳಗೆ ಕೈ ಹಾಕಿ, ಅದರ ಗೋಡೆಯ ಮೂಲಕ ಗರ್ಭಕೋಶ ಮುಟ್ಟಿ ನೋಡಿ ಹೇಳುವವಳು. ರಜೆ ಬಂತೆಂದರೆ ಆ ಸ್ಕೂಟರಿನ ಹಿಂದಿನ ಸೀಟು ನನ್ನದು. ಕೈ ಮಣಿಕಟ್ಟಿನವರೆಗೆ ಒಳಗೆ ಹೋಗುತ್ತಲೇ ಹಸು ತಿಣುಕುತ್ತದೆ, ಕರುಳು ಬಿಗಿದು ಕೈಯನ್ನು ಹಿಂಡುತ್ತದೆ. ಆಗ ಅಲ್ಲಾಡದೆ ನಿಲ್ಲಬೇಕು, ಅದಾಗಿಯೇ ಸಡಿಲಬಿಟ್ಟ ಮೇಲೆ ಮುಂದೆ ಹೋಗಬೇಕು. "ಅವಳ ಮನೆ ಒಳಗೆ ಹೋಗಿರೋದು ನೀನು ಕಣೇ, ಬಾ ಅನ್ನೋವರೆಗೂ ಬಾಗಿಲಲ್ಲೇ ನಿಂತ್ಕೋ" ಎಂದು ಚಿಕ್ಕಮ್ಮ ಹೇಳುತ್ತಿದ್ದದ್ದು ನನ್ನ ತಲೆಯಲ್ಲಿ ಉಳಿದಿದೆಯೋ ಇಲ್ಲವೋ, ಕೈಯಲ್ಲಂತೂ ಉಳಿದುಬಿಟ್ಟಿತು.

ಇನ್ನು ತಮ್ಮ ಸದ್ಗುಣಗಳು. ತಾವು ಒದೆಯುವುದಿಲ್ಲ, ಸಗಣಿ ಹಾಕುವುದಿಲ್ಲ, ಬಾಲ ಬೀಸಿ ಕಣ್ಣಿಗೆ ಬಾರಿಸುವುದಿಲ್ಲ. ದಿನಕ್ಕೆ ನಲವತ್ತು ಜನ ಬಂದು ಕೈ ಹಾಕಿ ಹೋದರೂ ತಿರುಗಿ ನೋಡದಷ್ಟು ದೊಡ್ಡ ಮನಸ್ಸು ತಮ್ಮದು. ಒಂದು ಗರ್ಭಕೋಶ ಬಿಚ್ಚಿ ಇನ್ನೊಂದನ್ನು ತಿರುಪಿದರೆ ಸಾಕು, ಬೆಳಿಗ್ಗೆ ಮೂರು ತಿಂಗಳ ಗಬ್ಬವಾಗಿದ್ದವರು ಮಧ್ಯಾಹ್ನಕ್ಕೆ ಏನೂ ಆಗಿರದವರಂತೆ ನಿಲ್ಲುತ್ತೀರಿ. ಕರುಳಿನ ಒಳಗೋಡೆಯಲ್ಲಿ ಕೂತ ಸೂಕ್ಷ್ಮ ತಂತಿಗಳ ಮೂಲಕ ಕೈ ಎಲ್ಲಿದೆ ಎಂಬುದನ್ನು ಪರದೆಯ ಮೇಲೆ ತೋರಿಸುತ್ತೀರಿ, ಅಂಕವನ್ನೂ ತಾವೇ ಹಾಕುತ್ತೀರಿ. ಹತ್ತು ಸೆಕೆಂಡು ಅಲ್ಲಾಡದೆ ಇರುವ ಕೈ ದಾರಿ ತಪ್ಪಿದ ಕೈ ಎಂಬುದು ತಮ್ಮ ಸಿದ್ಧಾಂತ. ಅಂಥ ಕೈ ಕಂಡರೆ ಪೀಂ ಎಂದು ಕೂಗಿ ಫೇಲು ಮಾಡುತ್ತೀರಿ.

ಮೊದಲ ಪರೀಕ್ಷೆಯ ದಿನ ನಾನು ರೂಢಿಯಂತೆ ತಮ್ಮ ಬೆನ್ನು ಚಪ್ಪರಿಸಿ, "ಏನಿಲ್ಲ, ಏನಿಲ್ಲ" ಎಂದು ಸಮಾಧಾನ ಹೇಳಿ, ಒದೆತಕ್ಕೆ ಸಿಗದಂತೆ ಒಂದು ಪಕ್ಕಕ್ಕೆ ಸರಿದು, ಮಣಿಕಟ್ಟಿನವರೆಗೆ ಕೈ ಹಾಕಿ, ತಾವು ತಿಣುಕುವುದನ್ನೇ ಕಾಯುತ್ತಾ ನಿಂತೆ. ತಾವು ತಿಣುಕಲಿಲ್ಲ. ಪಾಪ, ಸಂಕೋಚದ ಸ್ವಭಾವವಿರಬೇಕು ಎಂದುಕೊಂಡು ಇನ್ನೂ ಸ್ವಲ್ಪ ಕಾಯುವಷ್ಟರಲ್ಲಿ ಪೀಂ ಎಂದಿರಿ. ಪರೀಕ್ಷಕರಾಗಿದ್ದ ಪ್ರೊಫೆಸರರು ಸಜ್ಜನರು, ಹಾಳೆಯಲ್ಲಿ "ಅಭ್ಯರ್ಥಿಯು ಉಪಕರಣದೊಂದಿಗೆ ಮಾತನಾಡುತ್ತಾರೆ" ಎಂದು ಮಾತ್ರ ಬರೆದರು. ಎರಡನೇ ಸಲ ತುಟಿ ಹೊಲಿದುಕೊಂಡವಳಂತೆ ಬಂದೆ, ಚಪ್ಪರಿಸಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಆದರೆ ಕೈ ಮಾತ್ರ ಮಣಿಕಟ್ಟಿನ ಹತ್ತಿರ ಬಂದು, ನಾನು ಒಳಗೊಳಗೇ ಎಷ್ಟು ಬೈದರೂ ಕೇಳದೆ, ನಿಂತೇಬಿಟ್ಟಿತು. ತಾವು ಮತ್ತೆ ಪೀಂ ಎಂದಿರಿ.

ಮರುದಿನವೇ ವಿದೇಶಿ ವಿದ್ಯಾರ್ಥಿಗಳ ವಿಭಾಗದಿಂದ ಕರೆ ಬಂತು. ಅಲ್ಲಿಯ ಮೇಡಂ ಬಹಳ ಒಳ್ಳೆಯವರು, ಕೆಟ್ಟ ಸುದ್ದಿಯನ್ನೂ ನಗುನಗುತ್ತಲೇ ಹೇಳುತ್ತಾರೆ. ಮೂರನೆಯ ಸಲವೂ ಫೇಲಾದರೆ ಸೀಟು ಹೋಗುತ್ತದೆ, ಸೀಟು ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದ ಹದಿನಾಲ್ಕು ದಿನದೊಳಗೆ ನಾನು ಹೋಗುತ್ತೇನೆ. ಜೀವವಿರುವ ಹಸುಗಳನ್ನು ಹದಿಮೂರನೇ ವಯಸ್ಸಿನಿಂದ ಮುಟ್ಟುತ್ತಾ ಬಂದವಳನ್ನು, ಜೀವವಿಲ್ಲದ ಹಸುವೊಂದು ಮನೆಗೆ ಕಳಿಸಿತೆಂದು ನಾನು ಯಾವ ಮುಖ ಹೊತ್ತು ಚಿಕ್ಕಮ್ಮನಿಗೆ ಹೇಳಲಿ? ಆ ರಾತ್ರಿ ನಾನು ಅತ್ತದ್ದನ್ನು ಮುಚ್ಚಿಡುವುದಿಲ್ಲ.

ಆಗ ನನ್ನ ಕೈ ಹಿಡಿದವರು ತಮ್ಮ ಯೋಗಕ್ಷೇಮ ನೋಡಿಕೊಳ್ಳುವ ತಂತ್ರಜ್ಞರು. ಮೂರು ವಾರ ಊಟದ ಹೊತ್ತಿನಲ್ಲಿ ಕೊಠಡಿಯ ಬೀಗ ತೆಗೆದುಕೊಟ್ಟು, ತಮ್ಮ ಪಕ್ಕದಲ್ಲೇ ಬುತ್ತಿ ಬಿಚ್ಚಿಕೊಂಡು ಕೂತು, ನನ್ನ ಕೈ ತಡೆದಾಗಲೆಲ್ಲ "ನಿಲ್ಲಿಸ್ಬೇಡಿ, ನಡೀರಿ, ಅದಕ್ಕೇನೂ ಆಗಲ್ಲ" ಎನ್ನುತ್ತಿದ್ದರು. ಮೊದಲ ವಾರ ಕೈಗೆ ನಾಚಿಕೆಯಾಗುತ್ತಿತ್ತು. ಎರಡನೇ ವಾರ ಅದು ಅರೆಮನಸ್ಸಿನಿಂದ ಒಪ್ಪಿಕೊಂಡಿತು. ಮೂರನೇ ವಾರ ಸ್ವಂತ ಅಡುಗೆಮನೆಗೆ ನುಗ್ಗುವ ಹಾಗೆ ನುಗ್ಗತೊಡಗಿತು. ಮೂರನೆಯ ಪರೀಕ್ಷೆಯಲ್ಲಿ ನಲವತ್ತೊಂದು ಸೆಕೆಂಡಿನಲ್ಲಿ ಕೆಲಸ ಮುಗಿಸಿ "ನಾಲ್ಕು ತಿಂಗಳು" ಎಂದು ಕೂಗಿದೆ. ತಾವು ಹಸಿರು ದೀಪ ಬೆಳಗಿಸಿ ನೂರಕ್ಕೆ ತೊಂಬತ್ತಾರು ದಯಪಾಲಿಸಿದಿರಿ. ತರಗತಿಯವರೆಲ್ಲ ಚಪ್ಪಾಳೆ ತಟ್ಟಿದರು, ಅಮ್ಮ ಫೋನಿನಲ್ಲಿ ಅಕ್ಕಪಕ್ಕದ ಮನೆಗೆಲ್ಲ ಕೇಳಿಸುವಂತೆ "ತೊಂಬತ್ತಾರಾ!" ಎಂದಳು.

ಇಷ್ಟು ಓದಿದವರು, ಇದು ಎರಡು ಸಲ ಫೇಲಾದವಳ ಹೊಟ್ಟೆಯುರಿ ಎಂದುಕೊಂಡಿರಬಹುದು. ಹಾಗಲ್ಲ. ತಾವು ನನ್ನನ್ನು ಫೇಲು ಮಾಡಿದ್ದರ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ. ನನ್ನ ದೂರು, ತಾವು ನನ್ನನ್ನು ಪಾಸು ಮಾಡಿದ್ದರ ಬಗ್ಗೆ.

ಪಾಸಾದ ವಾರವೇ ನಮ್ಮನ್ನು ಒಂದು ಡೈರಿಗೆ ಕರೆದೊಯ್ದರು. ಹದಿನೆಂಟು ಹಸುಗಳು, ಒಬ್ಬರೇ ಯಜಮಾನಿ. ಹೆಚ್ಚು ಅಂಕ ಬಂದವಳೆಂದು ಪ್ರೊಫೆಸರರು ನನ್ನನ್ನೇ ಮೊದಲು ಮುಂದೆ ಬಿಟ್ಟರು. ನನ್ನ ಪಾಲಿಗೆ ಬಂದದ್ದು ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಒಂದು ಕಂದು ಹಸು, ವಯಸ್ಸಾದದ್ದು, ಬಹಳ ಸಾಧು. ಕೈ ಹಾಕಿದೆ. ಹಸು ತಿಣುಕಿತು, ಕರುಳು ಬಿಗಿಯಿತು, ಅದೆಲ್ಲ ನನಗೆ ಗೊತ್ತಾಯಿತು, ಆದರೂ ಕೈ ನಿಲ್ಲಲಿಲ್ಲ. ಹಸು ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕೂಗಿಕೊಂಡಿತು. ನಾನು ಹೊರಗೆಳೆದಾಗ ಉದ್ದನೆಯ ಗ್ಲೌಸಿನ ತುದಿಯಲ್ಲಿ ರಕ್ತವಿತ್ತು. ಪ್ರೊಫೆಸರರು ಪರೀಕ್ಷಿಸಿ, ಹರಿದಿಲ್ಲ, ಸ್ವಲ್ಪ ಗೀರಿದೆ, ವಾರದಲ್ಲಿ ಮಾಗುತ್ತದೆ ಎಂದರು. ಯಜಮಾನಿ ನನಗೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹಸುವಿನ ಕೊರಳು ನೇವರಿಸುತ್ತಾ ಪ್ರೊಫೆಸರರ ಕಡೆ ತಿರುಗಿ, "ಇವರು ಪಾಸಾದವರೇನಾ?" ಎಂದು ಮಾತ್ರ ಕೇಳಿದರು.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳಿವೆ. ಮುಂದಿನ ತಂಡದವರು ಬರುವುದರೊಳಗೆ ದಯವಿಟ್ಟು ಒಮ್ಮೆಯಾದರೂ ತಿಣುಕಿ. ಬೋಲ್ಟು ಸಡಿಲಿಸಿಕೊಂಡು ಯಾರಿಗಾದರೂ ಒಂದು ಒದೆ ಕೊಡಿ. ತೊಂಬತ್ತಕ್ಕಿಂತ ಹೆಚ್ಚು ಅಂಕದವರಿಗೆ ಆದ್ಯತೆ ಇರಲಿ. ಕಂಪನಿಯವರನ್ನು ಕೇಳಿ, ಎಷ್ಟೇ ಖರ್ಚಾಗಲಿ, ಸ್ವಲ್ಪ ನೋವು ಹಾಕಿಸಿಕೊಳ್ಳಿ. ನನಗೆ ಕೊಟ್ಟ ಅಂಕಗಳಲ್ಲಿ ನಲವತ್ತನ್ನು ವಾಪಸು ಪಡೆಯಿರಿ. ಪಾಸಿಗೆ ಐವತ್ತು ಸಾಕು, ಅದಕ್ಕಿಂತ ಕೆಳಗಿಳಿಸಿದರೆ ವಿದೇಶಿ ವಿಭಾಗದ ಮೇಡಂ ಮತ್ತೆ ನಗುತ್ತಾರೆ. ನನಗೆ ಪ್ರಾಮಾಣಿಕತೆಯೂ ಬೇಕು, ವೀಸಾವೂ ಬೇಕು.

ಹೆಚ್ಚಿಗೆ ಬರೆದು ತಮ್ಮ ಫೈಬರ್ ಮನಸ್ಸನ್ನು ನೋಯಿಸಲಾರೆ, ನೋಯಿಸಲು ಸಾಧ್ಯವಿದ್ದಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ಇಂತಿ, ತಮ್ಮಿಂದ ತೊಂಬತ್ತಾರು ಅಂಕ ಪಡೆದು ತಲೆ ತಗ್ಗಿಸಿರುವ,
ತಮ್ಮ ವಿಶ್ವಾಸಿ
(ಬಲಗೈ)

ಮರೆತ ಮಾತು: ಮೂರು ವಾರ ಕಳೆದ ಮೇಲೆ, ಆ ಯಜಮಾನಿಯ ಬಳಿ ಕ್ಷಮೆ ಕೇಳಲು ಹೋಗಿದ್ದೆ. ಅವರು ಅದೇ ಕಂದು ಹಸುವನ್ನು ಕಟ್ಟಿ, "ಹ್ಞೂಂ, ನೋಡಿ" ಎಂದರು. ಮಣಿಕಟ್ಟಿನವರೆಗೆ ಕೈ ಹಾಕಿ ಎರಡು ನಿಮಿಷ ಅಲ್ಲಾಡದೆ ನಿಂತೆ. ತಮ್ಮ ಲೆಕ್ಕದಲ್ಲಿ ಹನ್ನೆರಡು ಸಲ ಫೇಲಾದೆ. ಹಸು ಮೆಲುಕು ಹಾಕುತ್ತಿತ್ತು.