ಉಸ್ಮಾನ್ ಸಾಬರ ರೆಡಿಮೇಡ್ ಗಾದಿ

ಹಾಜಿರಾ ಬೀ: ಆ ಕುರ್ಚಿ ಬಿಟ್ಟು ಏಳ್ತೀರೋ ಇಲ್ಲೋ?

ಉಸ್ಮಾನ್ ಸಾಬ್: ಏಳಂಗಿಲ್ಲ. ಗಿರಾಕಿ ಬರೋ ಹೊತ್ತಿಗೆ ಪ್ರೊಪ್ರೈಟರ್ ಆದೋನು ಕುರ್ಚಿ ಮ್ಯಾಲೆ ಕಾಣಬೇಕು. ಶಿವಮೊಗ್ಗದ ತರಬೇತಿಯಾಗೆ ಹೇಳ್ಯಾರೆ.

ಹಾಜಿರಾ ಬೀ: ಗಿರಾಕಿ ಬರೋ ಹೊತ್ತು ಯಾವುದು ಅಂತಾನೂ ಹೇಳ್ಯಾರಾ? ಅಂಗಡಿ ತೆಗೆದಾಗಿಂದ ಒಳಗೆ ಬಂದಿದ್ದು ಒಂದು ಆಡು. ಅದೂ ಗಾದಿ ಮೂಲೆ ಕಚ್ಚಿ ನೋಡಿ, ಬ್ಯಾಡ ಅಂತ ಹೊಳ್ಳಿ ಹೋಯ್ತು.

ಉಸ್ಮಾನ್ ಸಾಬ್: ನಗು, ನಗು. ಉದ್ಯಮ ಮಾಡೋನನ್ನ ನೋಡಿ ಮೊದಲು ನಗೋಳು ಮನೆಯೋಳೇ. ಅದನ್ನೂ ಹೇಳ್ಯಾರೆ.

ಹಾಜಿರಾ ಬೀ: ನನ್ನ ವಿಷಯ ಶಿವಮೊಗ್ಗದಾಗೆ ಅವರಿಗೆ ಹೆಂಗೆ ಗೊತ್ತಾಯ್ತು?

ಎಪ್ಪತ್ತಾರನೆಯ ಇಸವಿಯ ಬೇಸಿಗೆ ಅದು, ತುರ್ತು ಪರಿಸ್ಥಿತಿಯ ಕಾಲ. ಶಿಕಾರಿಪುರದ ಸಂತೆಬೀದಿಯಲ್ಲಿ ಉಸ್ಮಾನ್ ಸಾಬರನ್ನು ಅರಿಯದವರಿರಲಿಲ್ಲ. ತಂದೆಯ ಕಾಲದಿಂದಲೂ ಅವರದು ಹತ್ತಿ ಹಿಂಜಿ ಗಾದಿ ಹೊಲಿಯುವ ಕಸುಬು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಗಿರಾಕಿಯ ಮನೆಗೇ ಹೋಗುವುದು, ಗಿರಾಕಿಯ ಜಗಲಿಯ ಮೇಲೆ, ಗಿರಾಕಿಯ ಕಣ್ಣೆದುರಿಗೇ ಹತ್ತಿಯನ್ನು ಹಿಂಜುವುದು, ಸಂಜೆಯೊಳಗೆ ಗಾದಿಯನ್ನು ಹೊಲಿದು ಒಪ್ಪಿಸುವುದು. ಅವರು ಹಿಂಜಿದರೆ ಹಾಜಿರಾ ಬೀ ಹೊಲಿಯುವರು. ಗಿರಾಕಿಯ ಮನೆಯ ಹಿರಿಯ ಹೆಂಗಸೊಬ್ಬಳು ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತು, ಹತ್ತಿಯ ಒಂದೆಳೆಯೂ ಅತ್ತಿತ್ತ ಹೋಗದಂತೆ ಕಾಯುವಳು. ಇದರಲ್ಲಿ ಯಾರಿಗೂ ಅವಮಾನವಿರಲಿಲ್ಲ. ಗಾದಿ ಮಾಡಿಸುವ ಕ್ರಮವೇ ಹಾಗೆ.

ಅದರ ಹಿಂದಿನ ಚಳಿಗಾಲದಲ್ಲಿ ಶಿವಮೊಗ್ಗದಲ್ಲಿ ಕಸುಬುದಾರರಿಗಾಗಿ ಉದ್ಯಮಶೀಲತೆಯ ತರಬೇತಿ ನಡೆಯಿತು. ಉಸ್ಮಾನ್ ಸಾಬರು ಹೋಗುವಾಗ ಗಾದಿ ಹೊಲಿಯುವವರಾಗಿ ಹೋದರು, ಬರುವಾಗ ಪ್ರೊಪ್ರೈಟರಾಗಿ ಬಂದರು. ಮನೆಯ ಮುಂದಿನ ಕೋಣೆ ಅಂಗಡಿಯಾಯಿತು. ಬಿಲ್ಲು ಗೋಡೆಯ ಮೊಳೆಗೆ ಏರಿತು. ಇದ್ದಬದ್ದ ಉಳಿತಾಯವೆಲ್ಲ ಹತ್ತಿಯಾಗಿ, ಹತ್ತಿಯೆಲ್ಲ ಗಾದಿಯಾಗಿ, ಗಾದಿಗಳು ಸೂರಿನವರೆಗೆ ಪೇರಿಕೊಂಡವು. ಮದುವೆಯ ಕಾಲ ಮುಗಿಯುವುದರೊಳಗೆ ಅವು ಹೋಗದಿದ್ದರೆ ಮಳೆಗಾಲದ ಶೀತಕ್ಕೆ ಹತ್ತಿ ಗಂಟುಕಟ್ಟುವುದು ಖಂಡಿತ. ಆಮೇಲೆ ಅವನ್ನು ಮತ್ತೆ ಹಿಂಜಲು ಉಸ್ಮಾನ್ ಸಾಬರನ್ನೇ ಕರೆಸಬೇಕಾಗಿತ್ತು.

ಹಾಜಿರಾ ಬೀ: ಒಂದು ಮಾತು ಕೇಳ್ತೀನಿ. ಅಲ್ಲಿ ಪಾಠ ಮಾಡಿದೋರು ಮೊದಲು ಏನು ವ್ಯಾಪಾರ ಮಾಡ್ತಿದ್ರು?

ಉಸ್ಮಾನ್ ಸಾಬ್: ಅವರು ಯಾಕೆ ಮಾಡ್ತಾರೆ? ಅವರು ಆಫೀಸರು. ತಿಂಗಳಾದ್ರೆ ಸಂಬಳ ಬರ್ತದೆ.

ಹಾಜಿರಾ ಬೀ: ಸಂಬಳ ಬರೋ ಮನುಷ್ಯ ನಿಮಗೆ ಏನು ಹೇಳಿದ?

ಉಸ್ಮಾನ್ ಸಾಬ್: ಧೈರ್ಯವಾಗಿ ರಿಸ್ಕ್ ತಗೊಳ್ರಿ ಅಂದ್ರು.

ಹಾಜಿರಾ ಬೀ: ಅವನು ಏನು ತಗೊಂಡ?

ಉಸ್ಮಾನ್ ಸಾಬ್: ನಾಲ್ಕು ಗಂಟೆಗೆ ಚಾ ತಗೊಂಡ್ರು. ಸುಮ್ನಿರು, ಪಾಠದ ವಿಷಯ ನಿನಗೆ ತಿಳಿಯಂಗಿಲ್ಲ. ಮಾರುಕಟ್ಟೆ ಸಮೀಕ್ಷೆ ಅಂದ್ರೆ ಏನು ಗೊತ್ತೇನು ನಿನಗೆ?

ಹಾಜಿರಾ ಬೀ: ಚೆನ್ನಾಗಿ ಗೊತ್ತು. ಅದಾದ ಮ್ಯಾಲೇ ನಾನು ಬೀದಿಯಾಗೆ ಸೆರಗು ಮುಖಕ್ಕೆ ಹಾಕ್ಕೊಂಡು ಓಡಾಡ್ತಿರೋದು.

ಉಸ್ಮಾನ್ ಸಾಬರು ಕೆಮ್ಮಿದರು. ಸಮೀಕ್ಷೆಯ ನೆನಪು ಅವರಿಗೂ ಹಿತವಾಗಿರಲಿಲ್ಲ.

ಹಾಜಿರಾ ಬೀ: ಇದು ಎಂಥಾ ಕಾಲ, ಜನ ಯಾವುದಕ್ಕೆ ಹೆದರ್ಕೊಂಡು ಕೂತಾರೆ, ಅಷ್ಟೂ ತಿಳೀಬಾರದಾ? ಮನೆ ಮನೆ ಬಾಗಿಲು ಬಡಿದು, “ನಿಮ್ಮ ಮನೇಲಿ ಮಲಗೋರು ಎಷ್ಟು ಜನ? ಒಂದು ಹಾಸಿಗೇಲಿ ಎಷ್ಟು ಜನ? ಗಂಡ ಹೆಂಡ್ತಿ ಮಧ್ಯೆ ಮಕ್ಕಳೆಷ್ಟು?” ಅಂತ ಕೇಳಿದ್ರೆ?

ಉಸ್ಮಾನ್ ಸಾಬ್: ಗಾದಿ ಅಗಲ ಎಷ್ಟಿರಬೇಕು ಅಂತ ತಿಳ್ಕೊಳ್ಳೋಕೆ ಕೇಳಿದೆ!

ಹಾಜಿರಾ ಬೀ: ಅವರು ಮಕ್ಕಳಾಗದಂಗೆ ಆಪರೇಷನ್ ಮಾಡಿಸೋಕೆ ಬಂದೋರು ಅಂತ ತಿಳ್ಕೊಂಡ್ರು! ಆಚೆಮನೆ ಯಲ್ಲಪ್ಪ ಹಿತ್ತಲಾಗಿಂದ ಹಾರಿ ಓಡಿದೋನು ಇನ್ನೂ ಮಾವನ ಮನೇಲಿ ಅವನೆ. ಅವನ ಹೆಂಡ್ತಿ ದಿನಾ ಬಂದು ನನ್ನ ಕೇಳ್ತಾಳೆ, “ಬೀಬಿ, ನಿಮ್ಮ ಯಜಮಾನ್ರು ಆ ಕೆಲಸ ಬಿಟ್ರಾ? ಇವರನ್ನ ಕರೆಸಲಾ?” ಅಂತ.

ಉಸ್ಮಾನ್ ಸಾಬ್: ಹೊಸದು ಮಾಡೋನಿಗೆ ಇವೆಲ್ಲ ಇರ್ತವೆ. ನಮ್ಮ ಗಾದಿಗೆ ಹತ್ತು ವರ್ಷ ಗ್ಯಾರಂಟಿ ಬರೆಸೀನಿ. ಜಿಲ್ಲೆಯಾಗೆ ಯಾರಾದ್ರೂ ಕೊಟ್ಟಾರಾ?

ಹಾಜಿರಾ ಬೀ: ಯಾಕೆ ಕೊಡ್ತಾರೆ, ಅವರಿಗೆ ತಲೆ ನೆಟ್ಟಗೈತೆ. ಗಾದಿ ಎರಡು ವರ್ಷಕ್ಕೆ ಗಂಟಾಗ್ತದೆ, ಮತ್ತೆ ನಮ್ಮನ್ನ ಕರೀತಾರೆ, ಅದರಾಗೆ ನಮ್ಮ ಒಲೆ ಉರೀತದೆ. ಗಂಟೇ ಆಗಂಗಿಲ್ಲ ಅಂತ ನೀವೇ ಬರೆದು ಕೊಟ್ಟ ಮ್ಯಾಲೆ ಆ ಹತ್ತು ವರ್ಷ ಏನು ಉಣ್ಣಾದು? ಗ್ಯಾರಂಟೀನಾ?

ಈ ಪ್ರಶ್ನೆಯನ್ನು ಶಿವಮೊಗ್ಗದಲ್ಲಿ ಯಾರೂ ಕೇಳಿರಲಿಲ್ಲ, ಉತ್ತರವನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಬಂದವರು ಹೊಸಬಾಳೆಯ ಅಕ್ಕನಾಗಮ್ಮ. ಸೊರಬದ ಬಸ್ಸಿನಲ್ಲಿ ಶಿರಾಳಕೊಪ್ಪದ ಮೇಲೆ ಬಂದು, ಬೆವರಿನಲ್ಲಿ ತೊಯ್ದಿದ್ದರು. ಅವರ ಮನೆಯ ಗಾದಿಗಳಿಗೆಲ್ಲ ಉಸ್ಮಾನ್ ಸಾಬರದೇ ಕೈ.

ಅಕ್ಕನಾಗಮ್ಮ: ಅಬ್ಬಬ್ಬಾ, ಎಂತ ಬಿಸಿಲು ಮಾರಾಯ್ರೇ! ಸಾಬ್ರೆ, ಮಗಳ ಮದುವೆ ಗೊತ್ತಾಗಿದೆ. ಈಸೂರಿಗೆ ಕೊಡೋದು. ಮದುವೆ ಗಾದಿ ಆಗಬೇಕಲ್ಲ, ಸೋಮವಾರ ಬಿಲ್ಲು ತಗೊಂಡು ಬಂದುಬಿಡಿ. ಹಾಜಿರಾ, ನೀನೂ ಬಾ.

ಹಾಜಿರಾ ಬೀ: ಬರ್ತೀವಿ ಅಮ್ಮಾರೆ.

ಉಸ್ಮಾನ್ ಸಾಬ್: ಬರಂಗಿಲ್ಲ ಅಮ್ಮಾರೆ.

ಅಕ್ಕನಾಗಮ್ಮ: ಬರ್ತೀರೋ, ಬರೋದಿಲ್ವೋ? ಗಂಡ ಹೆಂಡ್ತಿ ಒಂದು ಮಾತಾಡಿ.

ಉಸ್ಮಾನ್ ಸಾಬ್: ಬಿಲ್ಲು ಹೊತ್ಕೊಂಡು ತಿರುಗೋ ಕಾಲ ಮುಗೀತು. ಇಲ್ಲಿ ನೋಡ್ರಿ, ಎಲ್ಲಾ ರೆಡಿಮೇಡ್. ನೋಡೋದು, ಕೊಳ್ಳೋದು, ಮಲಗೋದು.

ಅಕ್ಕನಾಗಮ್ಮ: ಇದರೊಳಗೆ ಎಂತ ತುಂಬಿದೀರಿ?

ಉಸ್ಮಾನ್ ಸಾಬ್: ಹತ್ತಿ.

ಅಕ್ಕನಾಗಮ್ಮ: ನಾನು ನೋಡಿಲ್ಲವಲ್ಲ.

ಉಸ್ಮಾನ್ ಸಾಬ್: ನಾನು ನೋಡೀನಿ ಅಮ್ಮಾರೆ! ನಾನೇ ತುಂಬೀನಿ!

ಅಕ್ಕನಾಗಮ್ಮ: ನೀವು ನೋಡಿದ್ರೆ ನಿಮ್ಮ ಮಗಳ ಮದುವೆಗೆ ಕೊಡಿ. ನಮ್ಮ ಹುಡುಗೀನ ನೋಡೋಕೇ ಈಸೂರೋರು ಎಷ್ಟು ಸಲ ಬಂದ್ರು ಗೊತ್ತಾ? ನಡೆಸಿ ನೋಡಿದ್ರು, ಹಾಡಿಸಿ ನೋಡಿದ್ರು, ಬೆಳಕಿಗೆ ನಿಲ್ಲಿಸಿ ನೋಡಿದ್ರು. ಅಂಥವರು ಗಾದೀನ ನೋಡದೆ ಬಿಡ್ತಾರಾ?

ಉಸ್ಮಾನ್ ಸಾಬ್: ಹತ್ತು ವರ್ಷದ ಗ್ಯಾರಂಟಿ ಕಾಗದ ತೋರಿಸ್ರಿ.

ಅಕ್ಕನಾಗಮ್ಮ: ಬೀಗತಿ ಕಾಗದದ ಮೇಲೆ ಮಲಗ್ತಾಳಾ? ಹೋದ ವರ್ಷ ಒಂದೂರಲ್ಲಿ ಎಂತ ಆಯ್ತು ಕೇಳಿ. ಹೆಣ್ಣಿನ ಕಡೆಯೋರು ಮೊದಲೇ ಹೊಲಿದಿಟ್ಟ ಗಾದಿ ತಂದುಕೊಟ್ರಂತೆ. ಗಂಡಿನ ಸೋದರತ್ತೆಗೆ ಬೆನ್ನಿಗೆ ಏನೋ ಒತ್ತಿತಂತೆ. ಬಿಚ್ಚಿ ನೋಡಿದ್ರೆ ಒಳಗೆ ಹಳೇ ಕೋಟು, ಗುಂಡಿ ಸಮೇತ! ಆ ಹುಡುಗಿಗೆ ಇವತ್ತಿಗೂ ಆ ಮನೇಲಿ ಕೋಟಿನ ಸೊಸೆ ಅಂತಲೇ ಹೆಸರು.

ಅಕ್ಕನಾಗಮ್ಮನವರ ದನಿ ಸ್ವಲ್ಪ ತಗ್ಗಿತು. ಅವರಿಗಿದ್ದವಳು ಒಬ್ಬಳೇ ಮಗಳು.

ಅಕ್ಕನಾಗಮ್ಮ: ಈಸೂರೋರು ಮೊದಲೇ ಹತ್ತಿ ಬೆಳೆಯೋ ಸೀಮೆಯೋರು. ಭತ್ತದ ಸೀಮೆಯೋರಿಗೆ ಹತ್ತಿ ಅಂದ್ರೆ ಎಂತ ಗೊತ್ತು ಅಂತ ಬೀಗತಿ ಆಗಲೇ ಒಂದು ಮಾತು ಎಸೆದಿದ್ದಾಳೆ. ಸೋಮವಾರ ನಮ್ಮ ಮನೆಗೆ ಬರ್ತಾಳೆ. ಅವಳ ಕಣ್ಣೆದುರಿಗೆ ಹಿಂಜಬೇಕು. ನೀವು ಬರದಿದ್ರೆ ಬೇರೆ ಯಾರನ್ನಾದ್ರೂ ನೋಡ್ತೀನಿ.

ಬಾಗಿಲ ಕಡೆಗೆ ತಿರುಗಿದ ಅಕ್ಕನಾಗಮ್ಮನವರು ಹೋಗುವ ಮುನ್ನ ಅಭ್ಯಾಸಬಲದಿಂದ ಒಂದು ಗಾದಿಗೆ ಮೊಳಕೈ ಊರಿದರು. ಮತ್ತೊಮ್ಮೆ ಊರಿದರು. ಒಂದು ಮೂಲೆಯ ಹೊಲಿಗೆಯನ್ನು ಉಗುರಿನಿಂದ ಸರಿಸಿ, ಒಳಗಿನ ಹತ್ತಿಯನ್ನು ಎಳೆದು ಮೂಸಿದರು.

ಅಕ್ಕನಾಗಮ್ಮ: ಸಾಬ್ರೆ, ಗಾದಿ ಬಹಳ ಚೆನ್ನಾಗಿದೆ.

ಉಸ್ಮಾನ್ ಸಾಬ್: ಮತ್ತೆ! ಅದನ್ನೇ ಬಡ್ಕೋತಾ ಇದೀನಿ!

ಅಕ್ಕನಾಗಮ್ಮ: ಎರಡು ತಗೋತೀನಿ.

ಉಸ್ಮಾನ್ ಸಾಬರು ಹೆಂಡತಿಯ ಕಡೆಗೆ ಬೀರಿದ ನೋಟದಲ್ಲಿ ಇಡೀ ತರಬೇತಿಯ ಘನತೆಯಿತ್ತು.

ಅಕ್ಕನಾಗಮ್ಮ: ಆದ್ರೆ ಹೊಲಿಗೆ ಎಲ್ಲ ಬಿಚ್ಚಿಬಿಡಿ.

ಉಸ್ಮಾನ್ ಸಾಬ್: ಏನು?

ಅಕ್ಕನಾಗಮ್ಮ: ಬಿಚ್ಚಿ, ಹತ್ತಿ ಮೂಟೆ ಕಟ್ಟಿ. ಸೋಮವಾರ ಹೊಸಬಾಳೆಗೆ ತನ್ನಿ. ಬೀಗತಿ ಎದುರಿಗೆ ಹಿಂಜಿ ಮತ್ತೆ ಹೊಲಿದುಕೊಡಿ. ಅಂಗಡಿ ಗಾದಿ ಅಂತ ಮಾತ್ರ ಉಸಿರು ಬಿಡಬಾರದು. ನಿಮ್ಮ ದಮ್ಮಯ್ಯ.

ಉಸ್ಮಾನ್ ಸಾಬ್: ಹೊಲಿದ ಗಾದಿ ಬಿಚ್ಚಿ, ಹಿಂಜಿದ ಹತ್ತೀನೇ ಹಿಂಜಿ, ಮತ್ತೆ ಹೊಲಿಯೋದಾ? ಹುಚ್ಚು ಹಿಡಿದೈತಾ ನನಗೆ?

ಹಾಜಿರಾ ಬೀ: ಆಗಲಿ ಅಮ್ಮಾರೆ. ಹತ್ತೀನ ಒತ್ತಿ ಒತ್ತಿ ಮೂಟೆ ಕಟ್ಟಿ ಬಿಗಿದ್ರೆ ಹಿಂಜದೇ ಇರೋದರಂಗೇ ಕಾಣ್ತದೆ. ಆದ್ರೆ ಹಿಂಜೋ ಕೂಲಿ, ಹೊಲಿಯೋ ಕೂಲಿ ಬ್ಯಾರೆ ಕೊಡಬೇಕಾಗ್ತದೆ.

ಅಕ್ಕನಾಗಮ್ಮ: ಕೊಡ್ತೀನಿ ಬಿಡು. ಬೀಗತಿ ಬಾಯಿ ಮುಚ್ಚಿದ್ರೆ ಸಾಕು.

ಹಾಜಿರಾ ಬೀ: ಕೇಳಿದ್ರಾ? ಒಂದೇ ಗಾದೀನ ಎರಡು ಸಲ ಮಾರೋದನ್ನ ಶಿವಮೊಗ್ಗದಾಗೆ ಹೇಳಿಕೊಟ್ಟಿದ್ರಾ?

ಉಸ್ಮಾನ್ ಸಾಬ್: ವ್ಯಾಪಾರದ ಮಾತಲ್ಲ ಇದು, ಮರ್ಯಾದೆ ಮಾತು. ಮತ್ತೆ ಬಿಲ್ಲು ಹಿಡಿದು ಬೀದೀಲಿ ಹೋದ್ರೆ ಜನ ಏನಂತಾರೆ? ಅಂಗಡಿ ಮುಳುಗಿತು ಅನ್ನಂಗಿಲ್ಲಾ?

ಹಾಗೆಂದರೂ ಅವರ ಕಣ್ಣು ಗೋಡೆಯ ಕಡೆಗೆ ಹೋಯಿತು. ಬಿಲ್ಲಿಗೆ ಜೇಡ ಬಲೆ ಕಟ್ಟಿತ್ತು. ಹಾಜಿರಾ ಬೀಯವರು ಅದನ್ನು ಕಂಡೂ ಕಾಣದವರಂತೆ ಇದ್ದರು.

ಹಾಜಿರಾ ಬೀ: ದೊಡ್ಡ ದೊಡ್ಡ ಅಂಗಡಿಯೋರು ಬ್ಯಾರೆ ಊರಾಗೆ ಏನೋ ಇಡ್ತಾರಲ್ಲ, ಅದಕ್ಕೆ ಏನಂತಾರೆ?

ಉಸ್ಮಾನ್ ಸಾಬ್: ಬ್ರಾಂಚು.

ಹಾಜಿರಾ ಬೀ: ಹಾಂ, ಹೊಸಬಾಳೆಯಾಗೆ ಅಮ್ಮಾರ ಜಗಲಿ ಮ್ಯಾಲೆ ಒಂದು ದಿನದ ಬ್ರಾಂಚು ಇಟ್ಟು ಬರೋಣ ನಡೀರಿ. ಪ್ರೊಪ್ರೈಟರ್ ಬ್ರಾಂಚ್ ನೋಡ್ಕೊಂಡು ಬರೋದು ಬ್ಯಾಡ್ವಾ?

ಉಸ್ಮಾನ್ ಸಾಬರು ಬಹಳ ಹೊತ್ತು ಯೋಚಿಸಿದಂತೆ ನಟಿಸಿದರು. ಆಮೇಲೆ, ಬ್ರಾಂಚಿನ ವಿಷಯವೂ ತರಬೇತಿಯಲ್ಲಿ ಬಂದಿತ್ತೆಂದು ಹೇಳಿ ಎದ್ದು, ಬಿಲ್ಲನ್ನು ತಾವೇ ಕೆಳಗಿಳಿಸಿದರು.

ಸೋಮವಾರ ಹೊಸಬಾಳೆಯ ಜಗಲಿಯ ಮೇಲೆ ಬಿಲ್ಲು ಟುಂಯ್ ಟುಂಯ್ ಎಂದು ಹಾಡುತ್ತಿತ್ತು. ಹತ್ತಿ ಹೊಗೆಯಂತೆ ಎದ್ದು ಉಸ್ಮಾನ್ ಸಾಬರ ಮೀಸೆ, ಗಡ್ಡ, ಹುಬ್ಬುಗಳ ಮೇಲೆಲ್ಲ ಕುಳಿತಿತ್ತು. ಹಾಜಿರಾ ಬೀ ಹೊಲಿಯುತ್ತಿದ್ದರು. ಎದುರಿಗೆ ಈಸೂರಿನ ಬೀಗತಿ ನೀಲಾಂಬಿಕಮ್ಮನವರು ಮಣೆಯ ಮೇಲೆ ಕುಳಿತು, ಆಗಾಗ ಹಿಡಿ ಹತ್ತಿಯನ್ನೆತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಅವರು ಕೈಯೆತ್ತಿದಾಗಲೆಲ್ಲ ಬಾಗಿಲಲ್ಲಿ ನಿಂತ ಅಕ್ಕನಾಗಮ್ಮನವರು ಒಂದು ಹೆಜ್ಜೆ ಮುಂದೆ ಬರುತ್ತಿದ್ದರು.

ನೀಲಾಂಬಿಕಮ್ಮ: ಹತ್ತಿ ಚಲೋ ಐತ್ರಿ ಬೀಗತಿ. ನಮ್ಮ ಕಡೆಯೋರು ಕೂಡ ಇಂಥದು ಆರಿಸಂಗಿಲ್ಲ.

ಅಕ್ಕನಾಗಮ್ಮ: ಎಲ್ಲಾ ನಿಮ್ಮ ಕಣ್ಣೆದುರಿಗೇ ನಡೀತಿದೆಯಲ್ಲ ನೀಲಾಂಬಿಕಮ್ಮ. ಮುಚ್ಚುಮರೆ ಎಂತದೂ ಇಲ್ಲ.

ಹಾಜಿರಾ ಬೀಯವರ ಕೈಯ ದಾರ ಗಂಟುಬಿದ್ದಿತು.

ನೀಲಾಂಬಿಕಮ್ಮ: ಆದ್ರೆ ಮನೆ ತುಂಬ ಧೂಳು ನೋಡ್ರಿ. ಇದು ಹಳೇ ಪದ್ಧತಿ. ನಾನು ನಮ್ಮನೆಗೂ ಗಾದಿ ತಗೋಬೇಕು ಅಂತಿದೀನಿ, ಈ ಹಿಂಜೋ ರಗಳೆ ಮಾತ್ರ ಬ್ಯಾಡ. ಶಿಕಾರಿಪುರದಾಗೆ ಯಾರೋ ಸಾಬ್ರು ಹೊಸ ಅಂಗಡಿ ಇಟ್ಟಾರಂತೆ. ಎಲ್ಲಾ ರೆಡಿಮೇಡ್ ಅಂತೆ, ಹತ್ತು ವರ್ಷ ಗ್ಯಾರಂಟಿ ಅಂತೆ. ಅವರು ಹತ್ತಿ ಮುಟ್ಟಂಗೇ ಇಲ್ಲಂತೆ, ಆಫೀಸರಂಗೆ ಕುರ್ಚಿ ಮ್ಯಾಲೆ ಕೂತಿರ್ತಾರಂತೆ. ನಿಮಗೇನಾದ್ರೂ ಅವರು ಗೊತ್ತಾ ಸಾಬ್ರೆ?

ಬಿಲ್ಲು ನಿಂತಿತು. ಉಸ್ಮಾನ್ ಸಾಬರ ಜೀವಮಾನದಲ್ಲಿ ಅಂಥ ಘಳಿಗೆ ಹಿಂದೆ ಬಂದಿರಲಿಲ್ಲ. ಎದೆಯುಬ್ಬಿಸಿ, ಬಾಯಿ ತೆರೆದರು. ಬಾಗಿಲಲ್ಲಿ ಅಕ್ಕನಾಗಮ್ಮನವರು, ಬೀಗತಿಗೆ ಕಾಣದಂತೆ, ಎರಡೂ ಕೈ ಜೋಡಿಸಿ ನಿಂತಿದ್ದರು. ಆ ಅಂಗಡಿಯವನು ತಾನೇ ಎಂದರೆ, ಈ ಹತ್ತಿ ಎಲ್ಲಿಂದ ಬಂತೆಂಬ ಪ್ರಶ್ನೆ ಮರುಕ್ಷಣವೇ ಏಳುತ್ತಿತ್ತು. ಸಾಬರು ಬಾಯಿ ಮುಚ್ಚಿ, ಒಳಗೆ ಹೋಗಿದ್ದ ಹತ್ತಿಯನ್ನು ನುಂಗಿದರು.

ಉಸ್ಮಾನ್ ಸಾಬ್: ಗೊತ್ತು... ಕಂಡೀನಿ ಅಮ್ಮಾರೆ.

ನೀಲಾಂಬಿಕಮ್ಮ: ಹೆಂಗೆ ಮನುಷ್ಯ?

ಉಸ್ಮಾನ್ ಸಾಬ್: ಭಾಳ ದೊಡ್ಡ ಮನುಷ್ಯ. ಓದಿದಾನೆ. ಶಿವಮೊಗ್ಗಕ್ಕೆಲ್ಲ ಹೋಗಿ ಬಂದಾನೆ.

ಹಾಜಿರಾ ಬೀಯವರು ದಾರವನ್ನು ಹಲ್ಲಿನಿಂದ ಕಡಿದು ತಲೆಯೆತ್ತಿದರು.

ಹಾಜಿರಾ ಬೀ: ಅಮ್ಮಾರೆ, ಗಾದಿ ಏನೋ ಭೇಷಾಗಿರ್ತಾವೆ, ಮದುವೆ ಮುಗೀಲಿ, ಆಮ್ಯಾಲೆ ಧೈರ್ಯವಾಗಿ ತಗೊಳ್ರಿ. ಆದ್ರೆ ಆ ಮನುಷ್ಯನ್ನ ಮಾತ್ರ ಮಾತಾಡಿಸಬ್ಯಾಡ್ರಿ. ಪಾಠ ಹೇಳ್ತಾ ಹೇಳ್ತಾ ಹೊತ್ತು ಮುಳುಗಿಸ್ತಾನೆ. ಸೀದಾ ಹಿತ್ತಲ ಬಾಗಿಲಿಗೆ ಹೋಗಿ ಅವನ ಹೆಂಡ್ತೀನ ಕೇಳ್ರಿ. ಆಕಿ ಭಾಳ ಒಳ್ಳೇಕಿ.

ನೀಲಾಂಬಿಕಮ್ಮ: ಅಯ್ಯೋ ಪಾಪ! ಅಂಥ ಗಂಡನ ಹತ್ರ ಹೆಂಗೆ ಏಗ್ತಾಳೋ ಆ ಹೆಣ್ಮಗಳು!

ಹಾಜಿರಾ ಬೀ: ನೋಡ್ರಿ, ಈಸೂರಾಗಿರೋ ನಿಮಗೆ ತಿಳೀತು. ಮಗ್ಗುಲಾಗೇ ಇರೋ ಅವನಿಗೆ ಇನ್ನೂ ತಿಳಿದಿಲ್ಲ.