ಡಿ ಡ್ರೈವಿನಲ್ಲಿ ರಾಯದುರ್ಗದ ಬೆಟ್ಟ

ನಮ್ಮ ಓಣಿಯಲ್ಲಿ ಏನೇ ಕೆಟ್ಟರೂ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನನ್ನೇ ರಿಪೇರಿಗೆ ಕರೆಯುತ್ತಾರೆ. ನನ್ನ ಓದು ಹತ್ತನೇ ಕ್ಲಾಸಿನ ಹೊಸ್ತಿಲ ತನಕ ಹೋಗಿ, ಒಳಗೆ ಇಣುಕಿ, ವಾಪಸ್ ಬಂದಿದೆ. ಬಾಯಿಗೆ ಮಾತ್ರ ಯಾವ ಹೊಸ್ತಿಲೂ ಅಡ್ಡ ಬಂದಿಲ್ಲ. ಹೀಗಾಗಿ ಇಂಥ ಪ್ರಸಂಗಗಳು ಬೇರೆಯವರ ಮನೆ ಬಾಗಿಲು ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಈ ಸಲ ಬಂದದ್ದಂತೂ ಒಂದು ಇಡೀ ಬೆಟ್ಟವನ್ನೇ ಹೊತ್ತು ತಂದಿತ್ತು.

ಗುಂಡಿ ತಟ್ಟೆ

ನಮ್ಮ ಎದುರು ಮನೆಯ ಅಕ್ಕ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಡೆಸುತ್ತಾಳೆ. ಅಲ್ಲಿ ಒಂದು ಎಂಬ್ರಾಯ್ಡರಿ ಮಷಿನ್ ಇದೆ. ಅದಕ್ಕೆ ಬುದ್ಧಿ ಹೇಳುವುದು ಕಟಿಂಗ್ ಟೇಬಲ್ಲಿನ ಕೆಳಗೆ ಕೂತಿರುವ ಹಳೇ ಕಂಪ್ಯೂಟರ್ ಡಬ್ಬ. ಒಂದು ಸೋಮವಾರ ಡಬ್ಬ ಏಳಲಿಲ್ಲ. ಕರೀ ಪರದೆ, ಅದರ ಮೇಲೆ ಒಂದು ಸಾಲು ಇಂಗ್ಲಿಷು, ಅಷ್ಟೇ.

ಅಕ್ಕನ ಮುಖವೂ ಆ ಪರದೆಯ ಹಾಗೇ ಆಗಿತ್ತು. ಕಾರಣ ಇತ್ತು. ಪ್ಯಾಂಟಿನ ಹಿಂದಿನ ಜೇಬಿನ ಮೇಲೆ ಹಾಕಲಿಕ್ಕೆ ಅವಳು ಒಂದು ಡಿಸೈನ್ ಮಾಡಿದ್ದಳು. ನಮ್ಮೂರು ರಾಯದುರ್ಗದ ಬೆಟ್ಟ, ಅದರ ಮೇಲೆ ಕೋಟೆ ಗೋಡೆ, ಬಂಡೆಗಳು, ಎಲ್ಲವೂ ಒಂದೇ ದಾರದಲ್ಲಿ, ನಡುವೆ ಎಲ್ಲೂ ಕತ್ತರಿಸದೆ. ಬಿಡುವಾದಾಗಲೆಲ್ಲ ಕೂತು, ಅಳಿಸಿ, ತಿದ್ದಿ ಮಾಡಿದ್ದು. ಶುಕ್ರವಾರ ಬಳ್ಳಾರಿಯಿಂದ ಒಬ್ಬರು ಸಾಹುಕಾರರು ಅದನ್ನು ನೋಡಲು ಬರುವವರಿದ್ದರು. ಒಪ್ಪಿದರೆ ಅವರ ಜೇಬಿನ ಕೆಲಸವೆಲ್ಲ ಅಕ್ಕನಿಗೆ. ಇಲ್ಲವಾದರೆ ಹಿಂದಿನ ಬೀದಿಯ ಯೂನಿಟ್ಟಿಗೆ. ಮತ್ತೆ ಆ ಬೆಟ್ಟ ಇದ್ದದ್ದು ಈ ಸತ್ತ ಡಬ್ಬದೊಳಗೆ ಮಾತ್ರ.

"ಓಎಸ್ ಹೋಗೈತಿ ಅಕ್ಕಾ, ಹೊಸದು ಹಾಕಬೇಕು" ಅಂದೆ. ಓಎಸ್ ಅಂದರೆ ಡಬ್ಬವನ್ನು ಎಬ್ಬಿಸಿ ಓಡಾಡಿಸುವ ಜೀವ. ಅದನ್ನು ಪೆನ್ ಡ್ರೈವಿನಿಂದ ಹಾಕೋಣ ಅಂತ ಮುಂದಿನ ಕಿಂಡಿ ನೋಡಿದೆ. ಒಳಗೆಲ್ಲ ಜೀನ್ಸಿನ ನೀಲಿ ಧೂಳು ಗಟ್ಟಿಯಾಗಿ ಕೂತಿತ್ತು, ಕೆರೆದರೂ ಬರಲಿಲ್ಲ. ಹಿಂದಿನ ಕಿಂಡಿಗಳನ್ನು ನಮ್ಮ ಕಟಿಂಗ್ ಮಾಸ್ಟರ್ ಹೋದ ವಾರವೇ ಶುಚಿ ಮಾಡಿದ್ದರಂತೆ, ಗೋಣಿಚೀಲದ ಸೂಜಿಯಿಂದ. ಪಿನ್ನುಗಳೆಲ್ಲ ಸೂಜಿಯ ಜೊತೆಗೇ ಹೊರಗೆ ಬಂದಿದ್ದವು, ಕೀಬೋರ್ಡಿನ ದುಂಡು ಕಿಂಡಿಯೊಂದು ಮಾತ್ರ ಬದುಕಿತ್ತು. ಮಾಸ್ಟರ್ ಕತ್ತರಿ ಹಿಡಿದರೆ ಬಟ್ಟೆ ತಾನೇ ದಾರಿ ಬಿಡುತ್ತದೆ, ಅಂಥ ಕೈ ಅವರದು. ಆದರೆ ಜಗತ್ತಿನಲ್ಲಿ ಇರುವುದೆಲ್ಲ ಬಟ್ಟೆ ಅಂತ ಅವರ ನಂಬಿಕೆ.

ಇನ್ನುಳಿದದ್ದು ಡಿವಿಡಿ. ಗುಂಡಿ ಒತ್ತಿದೆ. ತಟ್ಟೆ ಮೆಲ್ಲಗೆ ಹೊರಗೆ ಬಂತು. ಅದರ ತುಂಬ ಪ್ಯಾಂಟಿನ ಹಿತ್ತಾಳೆ ಗುಂಡಿಗಳು, ಒಳಗಿನ ಓದುವ ಕಣ್ಣು ಗೀಚಿ ಕುರುಡಾಗಿತ್ತು.

"ಇದೇನ್ರಿ ಮಾಸ್ಟರ್?"

"ಗುಂಡಿ ಒತ್ತಿದ್ರ ಬರತೈತಲ್ಲಪ್ಪಾ, ಮತ್ತ ಗುಂಡಿ ಇಡಾಕ ಕೊಟ್ಟಾರ ಅಂದ್ಕೊಂಡೆ" ಅಂದರು ಮಾಸ್ಟರ್.

ಬೆಟ್ಟಕ್ಕೆ ಟಿಕೆಟ್

ಮಡಕಶಿರಾದಲ್ಲಿ ನನ್ನ ಭಾವನದೊಂದು ಜೆರಾಕ್ಸ್, ಫೋಟೋ, ಆನ್‌ಲೈನ್ ಅರ್ಜಿಗಳ ಅಂಗಡಿ ಇದೆ. ನಾನು ಕಲಿತಿರುವ ಅಷ್ಟಿಷ್ಟು ಕಂಪ್ಯೂಟರ್ ವಿದ್ಯೆ ರಜೆಯಲ್ಲಿ ಅವನ ಅಂಗಡಿಯಲ್ಲಿ ಕಲಿತದ್ದು. ಫೋನ್ ಮಾಡಿದರೆ, ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಬಾ, ಕಿಂಡಿ ಇಲ್ಲದಿದ್ದರೆ ಡಿಸ್ಕಿನ ಒಳಗಿನಿಂದಲೇ ಓಎಸ್ ಹಾಕುವ ದಾರಿ ಒಂದಿದೆ ಅಂದ.

ಬಿಚ್ಚಿದೆ. ಅಂಗೈಯಷ್ಟು ತಗಡು. ಅಕ್ಕನ ಅಷ್ಟು ದಿನದ ಕಣ್ಣು, ಇಡೀ ಬೆಟ್ಟ, ಕೋಟೆ, ಎಲ್ಲ ಇದರೊಳಗೆ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮಾಸ್ಟರ್ ಅಷ್ಟರಲ್ಲೇ ಅದಕ್ಕೊಂದು ಜೀನ್ಸ್ ಚೀಲ ಹೊಲಿದು ತಂದರು. ನಮ್ಮೂರಲ್ಲಿ ಉಳಿದ ಜೀನ್ಸ್ ಬಟ್ಟೆ ಎಸೆಯುವ ಪದ್ಧತಿ ಇಲ್ಲ. ಸೈಕಲ್ ಸೀಟು, ನೀರಿನ ಕ್ಯಾನು, ಟೀವಿ, ಮಿಕ್ಸಿ, ಎಲ್ಲಕ್ಕೂ ಅಳತೆಯ ಉಡುಪು ಉಂಟು. ಮನುಷ್ಯರು ಲುಂಗಿಯಲ್ಲಿರುತ್ತಾರೆ, ಸಾಮಾನು ಜೀನ್ಸಿನಲ್ಲಿರುತ್ತದೆ.

ಮಂಗಳವಾರ ಬಸ್ಸು ಹತ್ತಿದೆ. ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತವನನ್ನು ನೋಡಿ ಕಂಡಕ್ಟರಿಗೆ ಅನುಮಾನ. "ಏಂದಿರಾ ಅದಿ?" ಅಂದ, ಅದೇನೋ ಅಂತ ತೆಲುಗಿನಲ್ಲಿ.

ನಾನು ಸುಮ್ಮನಿರುವ ಜಾತಿಯವನಲ್ಲ. "ರಾಯದುರ್ಗದ ಬೆಟ್ಟ ಸಾರ್. ಕೆಟ್ಟೈತಿ, ರಿಪೇರಿಗೆ ಒಯ್ಯಾಕತ್ತೀನಿ" ಅಂದೆ.

ಅವನು ಕಿಟಕಿಯಿಂದ ಹೊರಗೆ ಬಗ್ಗಿ ಹಿಂದೆ ನೋಡಿದ. ಬೆಟ್ಟ ಇದ್ದಲ್ಲೇ ಇತ್ತು. ನನ್ನ ಚೀಲ ನೋಡಿದ. ಆಮೇಲೆ ನಗದೆ, ಕಣ್ಣೂ ಮಿಟುಕಿಸದೆ, ಬೆಟ್ಟವಾದರೆ ಲಗೇಜ್ ಟಿಕೆಟ್ ಬೇಕು ಅಂತ ಹರಿದು ಕೊಟ್ಟೇಬಿಟ್ಟ.

ಹಿಂದಿನ ಕೋಣೆ

ಭಾವ ನನ್ನನ್ನು ನೋಡಿದ ಕೂಡಲೇ "ಯಾಕ್ಲಾ, ಈ ಸಲ ಯಾರ ಮನೆ ದೀಪ ಆರಿಸ್ದೆ?" ಅಂತ ಸ್ವಾಗತ ಮಾಡಿದ. ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ತೋರಿಸಿದ. ಒಂದೇ ಡಿಸ್ಕು, ಒಳಗೆ ಗೋಡೆ ಹಾಕಿ ಮೂರು ಕೋಣೆ. ಸಿ ಕೋಣೆಯಲ್ಲಿ ಸತ್ತುಹೋದ ಓಎಸ್. ಡಿ ಕೋಣೆಯಲ್ಲಿ ಅಕ್ಕನ ಬೆಟ್ಟ. ಇ ಕೋಣೆ ಖಾಲಿ. ಆ ಖಾಲಿ ಕೋಣೆಯಲ್ಲಿ ಹೊಸ ಓಎಸ್ ಹಾಕುವ ಸಾಮಾನೆಲ್ಲ ತುಂಬಿಸಿ, ಡಬ್ಬ ಎದ್ದ ಕೂಡಲೇ ಮೊದಲು ಆ ಬಾಗಿಲನ್ನೇ ತಟ್ಟುವಂತೆ ಮಾಡಿದ.

"ಈಗ ಇದು ತನ್ನ ಹಿಂದಿನ ಕೋಣೆಯಿಂದ ಬಂದು, ತನ್ನ ಮುಂದಿನ ಕೋಣೆನ ತಾನೇ ಕಟ್ಕಳುತ್ತೆ ಕಣ್ಲಾ. ಸಿ ಅಳ್ಸು. ಡಿ ಮುಟ್ಟಿದ್ಯೋ, ಮಡಕಶಿರಾ ಕಡೆ ತಲೆ ಹಾಕ್ಬ್ಯಾಡ" ಅಂದ.

ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಸತ್ತವರು ತಮ್ಮ ಜೀವದ ಬೀಜ ಎಲ್ಲೋ ಬಚ್ಚಿಟ್ಟುಕೊಂಡು ಮತ್ತೆ ಏಳುವುದು ಅಜ್ಜಿ ಕಥೆಯಲ್ಲಿ ಕೇಳಿದ್ದೆ. ಅದೂ ಏಳು ಸಮುದ್ರದ ಆಚೆ ಗಿಳಿಯೊಳಗೆ. ಇಲ್ಲಿ ಜೆರಾಕ್ಸ್ ಅಂಗಡಿಯಲ್ಲಿ, ಟೀ ಲೋಟದ ಪಕ್ಕ ನಡೆದುಹೋಯಿತು.

ಈ ಬೆರಗಿನಲ್ಲೇ ಮರುದಿನ ಬಸ್ಸು ಹತ್ತಿದೆ. ಪಾವಗಡ ದಾಟಿದ ಮೇಲೆ ತಲೆಗೆ ಹೊಳೆಯಿತು. ಡಿಸ್ಕು ಭಾವನ ಕಂಪ್ಯೂಟರಿನಲ್ಲಿ ಇದ್ದಾಗಲೇ ಬೆಟ್ಟದ ಒಂದು ಕಾಪಿ ತೆಗೆದಿಟ್ಟಿದ್ದರೆ ಈ ಭಯವೇ ಇರುತ್ತಿರಲಿಲ್ಲವಲ್ಲ. ಭಾವನಿಗೆ ಫೋನ್ ಮಾಡಿದೆ. 

"ನೀ ಹೋದ್ ಮ್ಯಾಕೆ ನಂಗೂ ಗ್ಯಾನ ಬಂತು" ಅಂದ. "ಹೇಳಿದ್ರೆ ದಾರೀಲಿ ಹೆದರ್ಕಂತೀಯ ಅಂತ ಸುಮ್ಕಿದ್ದೆ."

ತವರಿನ ಹೆಸರು

ಗುರುವಾರ ಬೆಳಿಗ್ಗೆ ಡಿಸ್ಕು ಮತ್ತೆ ಡಬ್ಬ ಸೇರಿತು. ಹೊಲಿಯುವ ಹೆಂಗಸರೆಲ್ಲ ಮಷಿನ್ ನಿಲ್ಲಿಸಿ ಬಂದು ನಿಂತರು. ಸ್ವಿಚ್ ಹಾಕಿದೆ. ಕರೀ ಪರದೆಯ ಒಳಗಿಂದ ನೀಲಿ ಬೆಳಕು ಬಂತು. ಯಾರೋ ಹಿಂದಿನಿಂದ ಕೈ ಮುಗಿದರು.

ನಾನು ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮಾಸ್ಟರ್ ಮೆಲ್ಲಗೆ ಬಂದು, ಇದಕ್ಕೆ ಈಗ ಏನು ನಡೆದಿದೆ ಅಂತ ಕೇಳಿದರು. ಹೊಟ್ಟೆ ಕೊಯ್ದು ಆಪರೇಷನ್ ಮಾಡಿದ್ದೇವೆ, ಹಸೀ ಮೈ, ಥಂಡಿ ತಾಗಬಾರದು ಅಂತ ಗಂಭೀರವಾಗಿ ಹೇಳಿದೆ. ಮಾಸ್ಟರ್ ತಲೆ ಆಡಿಸಿದರು. ಹೆಂಗಸರು ಸೀರೆ ಸೆರಗಿನಲ್ಲಿ ನಕ್ಕರು. ನಾನು ಗೆದ್ದೆ ಅಂದುಕೊಂಡೆ.

ಯಾವ ಕೋಣೆ ಅಳಿಸಲಿ ಅಂತ ಡಬ್ಬ ಕೇಳಿತು. ಸಿ ಅಂತ ಬರೆದದ್ದನ್ನು ಆರಿಸಿ ಕೀಲಿಯ ಮೇಲೆ ಬೆರಳು ಇಟ್ಟೆ, ಒತ್ತುವುದೊಂದು ಬಾಕಿ. ಆಗ ಅಕ್ಕ ನನ್ನ ಕೈ ಹಿಡಿದಳು.

"ಒಳಗ ಒಮ್ಮಿ ನೋಡಲೇ."

ಒಳಗೆ ನೋಡಿದರೆ ಬೆಟ್ಟ. ಅಕ್ಕನ ಬೆಟ್ಟ. ನಾವು ಡಿ ಅನ್ನುತ್ತಿದ್ದ ಕೋಣೆಯನ್ನು ಈ ಹೊಸಬ ಸಿ ಅನ್ನುತ್ತಿದ್ದ. ಹಿಂದಿನ ಕೋಣೆಯಿಂದ ಎದ್ದರೆ ಕೆಲವೊಮ್ಮೆ ಹೆಸರುಗಳು ಅದಲುಬದಲು ಆಗುತ್ತವೆ ಅಂತ ಭಾವ ಯಾವಾಗಲೋ ಹೇಳಿದ್ದು ಆಗ ನೆನಪಾಯಿತು. ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ. ನಿಮಗೆ ಹೇಗೆ ಗೊತ್ತಾಯಿತು ಅಂತ ಅಕ್ಕನನ್ನು ಕೇಳಿದೆ.

"ನನಗ ತವರಿನ್ಯಾಗ ಒಂದು ಹೆಸರು, ಲಗ್ನದ ದಿನ ಅಕ್ಕಿಯೊಳಗ ಬರೆಸಿ ಇಟ್ಟಿದ್ದು ಇನ್ನೊಂದು" ಅಂದಳು ಅಕ್ಕ. "ಮನೀ ಬದಲಾದ್ರ ಹೆಸರು ಬದಲಾಗತೈತಿ. ಹೆಸರು ನೋಡಿ ಅಳಸಬ್ಯಾಡ, ಒಳಗ ಯಾರದಾರ ನೋಡಿ ಅಳಸು."

ಹಳೇ ಓಎಸ್ ಇದ್ದ ಕೋಣೆ ಹುಡುಕಿ ಅದನ್ನೇ ಅಳಿಸಿದೆ. ಕೆಲಸವಿಲ್ಲದೆ ಮನೆಯ ಹಿಂದೆ ಮಲಗಿರುವ ಅಕ್ಕನ ಗಂಡನಿಗೆ ಅವತ್ತಿನಿಂದ ನಾನು ಇಟ್ಟ ಹೆಸರು ಇ ಡ್ರೈವ್. ಹಿಂದಿನ ಕೋಣೆ, ಯಾವಾಗಲೂ ಖಾಲಿ.

ಜ್ವರ

ಹೊಸ ಓಎಸ್ ಏರತೊಡಗಿತು. ಪರದೆಯ ಮೇಲಿನ ಅಂಕಿ ಎತ್ತಿನ ಗಾಡಿಯ ಹಾಗೆ ಸಾಗುತ್ತಿತ್ತು. ನಾನು ಟೀಗೆ ಹೋದೆ. ಬಂದು ನೋಡಿದರೆ ಪರದೆ ಕಪ್ಪು. ಅರ್ಧ ದಾಟಿದ ಮೇಲೆ ಡಬ್ಬ ತಾನಾಗಿ ಸತ್ತಿತ್ತು.

ಕರೆಂಟ್ ಹೋಗಿತ್ತಾ ಅಂತ ಕೇಳಿದೆ, ಇಲ್ಲ. ವೈರು ಬದಲಾಯಿಸಿ ಮತ್ತೆ ಶುರು ಮಾಡಿದೆ. ಚೆನ್ನಾಗಿ ಹೊರಟಿತು. ಟೀಗೆ ಹೋಗಿ ಬಂದೆ. ಮತ್ತೆ ಅಲ್ಲೇ, ಅರ್ಧ ದಾಟಿ, ಸಾವು. ಟೇಬಲ್ಲಿನ ಕೆಳಗೆ ಬಗ್ಗಿ ಡಬ್ಬ ಮುಟ್ಟಿದರೆ ಬೆಂಕಿ. ಫ್ಯಾನು ನೋಡಿದೆ, ತಿರುಗುತ್ತದೆ. ಧೂಳು ನೋಡಿದೆ, ಮೊದಲೇ ಊದಿದ್ದೆ. ಇಸ್ತ್ರಿ ಪೆಟ್ಟಿಗೆಯೆಲ್ಲ ಆರಿಸಿ ಅಂತ ಕೂಗಾಡಿ ಹೆಂಗಸರಿಂದ ಬೈಸಿಕೊಂಡೆ. ಭಾವ ಫೋನಿನಲ್ಲಿ ಡಿಸ್ಕೇ ಹೋಗಿರಬೇಕು ಅಂದ. ಅದು ಹೋದರೆ ಬೆಟ್ಟವೂ ಹೋಯಿತು. ಅಕ್ಕ ಖಾಲಿ ಜೇಬೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತ ಕೂತಿದ್ದಳು. ಅದನ್ನು ನೋಡಲಿಕ್ಕೆ ಆಗಲಿಲ್ಲ.

ಮಾಸ್ಟರ್ ಬಂದು, ಏನಾಗಿದೆ ಅಂತ ಕೇಳಿದರು. ನನಗೆ ದುಃಖದಲ್ಲೂ ಬಾಯಿ ನಿಲ್ಲದು. "ಜ್ವರ ಬಂದೈತ್ರಿ ಮಾಸ್ಟರ್, ಮೈ ಸುಡಾಕತ್ತೈತಿ" ಅಂದೆ. ಅವರ ಮುಖ ಸಣ್ಣದಾಯಿತು.

ಮೂರನೇ ಸಲ ಶುರು ಮಾಡಿ ಹೊರಟವನು ಫೋನ್ ಮರೆತು ದಾರಿಯಿಂದಲೇ ವಾಪಸ್ ಬಂದೆ. ಬಾಗಿಲಲ್ಲೇ ನಿಂತುಬಿಟ್ಟೆ.

ಟೇಬಲ್ಲಿನ ಕೆಳಗೆ ಡಬ್ಬ ಜೀನ್ಸ್ ತೊಟ್ಟು ಕೂತಿತ್ತು. ಎಂಥ ಹೊಲಿಗೆ ಅಂತೀರಿ. ಮೂಲೆ ಮೂಲೆಗೂ ಡಬಲ್ ಹೊಲಿಗೆ, ಮುಂದೆ ಜಿಪ್ಪು, ಮೇಲೆ ಹಿತ್ತಾಳೆ ಗುಂಡಿ, ಗಾಳಿ ನುಸುಳಲು ಒಂದು ಸೂಜಿಯಷ್ಟು ಸಂದಿಲ್ಲ. ಮಾಸ್ಟರ್ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಳಗೆ ಹತ್ತಿಯ ಲೈನಿಂಗ್ ತುರುಕುತ್ತಿದ್ದರು. ನಾನು ಹೋದಾಗಲೆಲ್ಲ ಹೊದಿಸಿದ್ದಾರೆ. ಸತ್ತಾಗಲೆಲ್ಲ, ಡಾಕ್ಟರ್ ಪರೀಕ್ಷೆ ಮಾಡುವಾಗ ರೋಗಿಯ ಮೈಮೇಲೆ ಬಟ್ಟೆ ಇರಬಾರದು ಅಂತ ಬಿಚ್ಚಿ ಇಟ್ಟಿದ್ದಾರೆ. ಜ್ವರ ಅಂದಮೇಲೆ ಚಳಿ ಹತ್ತುತ್ತದಲ್ಲ, ಅದಕ್ಕೇ ಈಗ ಲೈನಿಂಗ್.

ಮಾಸ್ಟರ್ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಸದ್ದು ಮಾಡಬ್ಯಾಡ. ಇನ್ನೇನ್ ಬೆವರು ಬಿಡತೈತಿ."

ಸಾಹುಕಾರರ ಅಳತೆ

ಉಡುಪು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು, ಈ ಸಲ ಟೀ ಅಲ್ಲಿಗೇ ತರಿಸಿಕೊಂಡು ಕೂತೆ. ಡಬ್ಬ ಅರ್ಧ ದಾಟಿತು, ಮುಕ್ಕಾಲು ದಾಟಿತು. ಆಮೇಲೆ ಮಗು ಕಣ್ಣು ಬಿಟ್ಟಂತೆ ಪರದೆ ತೆರೆದುಕೊಂಡಿತು. ಡಿ ಕೋಣೆಯಲ್ಲಿ ಬೆಟ್ಟ ಇದ್ದ ಹಾಗೇ ಇತ್ತು. ಮೊದಲು ಮಾಡಿದ ಕೆಲಸ, ಭಾವನಿಗೆ ಒಂದು ಕಾಪಿ ಕಳಿಸಿದ್ದು.

ಮಾಸ್ಟರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಆ ಉಡುಪನ್ನು ತೆಗೆದುಕೊಂಡು ಹೋಗಿ, ಗಾಳಿ ಆಡಲು ಎರಡೂ ಪಕ್ಕ ಜಾಲರಿಯ ಹಾಗೆ ತೂತು ಕತ್ತರಿಸಿ, ಅಂಚು ಹೊಲಿದು ತಂದು ಮತ್ತೆ ತೊಡಿಸಿದರು. ಒಮ್ಮೆ ಹೊಲಿದದ್ದನ್ನು ಮೂಲೆಗೆ ಎಸೆಯುವುದು ನಮ್ಮೂರಲ್ಲಿ ಇಲ್ಲ.

ಶುಕ್ರವಾರ ಸಾಹುಕಾರರು ಬಂದರು. ಅಕ್ಕ ಜೇಬಿನ ಬಟ್ಟೆ ಇಟ್ಟು ಮಷಿನ್ ಬಿಟ್ಟಳು. ಸೂಜಿ ಬಟ್ಟೆಯ ಬುಡದಿಂದ ಏರತೊಡಗಿತು. ಒಂದು ಬಂಡೆ, ಅದರ ಮೇಲೊಂದು ಬಂಡೆ, ಕೋಟೆಯ ಗೋಡೆ ಹಾವಿನ ಹಾಗೆ ಸುತ್ತಿ ಮೇಲೆ ಹೋಯಿತು. ಎಲ್ಲೂ ದಾರ ಕಡಿಯಲಿಲ್ಲ. ಕಿಟಕಿಯ ಹೊರಗೆ ಅದೇ ಬೆಟ್ಟ ಬಿಸಿಲಿನಲ್ಲಿ ನಿಂತಿತ್ತು. ಒಂದು ಸಲ ಅದನ್ನು, ಒಂದು ಸಲ ಇದನ್ನು ನೋಡಿದೆ. ಹುಟ್ಟಿದಾಗಿನಿಂದ ನೋಡಿದ ಬೆಟ್ಟ, ಅವತ್ತು ಮೊದಲ ಸಲ ನೋಡಿದಂತಾಯಿತು. ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಹೆಂಗಸರು ಗಾಬರಿಯಾಗಿ ನನಗೆ ನೀರು ಕೊಟ್ಟರು.

ಸಾಹುಕಾರರು ಜೇಬನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಬೆಟ್ಟ ಹತ್ತಿ ಇಳಿದರು. "ಆತು ತಂಗಿ, ಕೆಲಸ ನಿಂದೇ" ಅಂದರು. ಅಕ್ಕ ತಲೆ ತಗ್ಗಿಸಿ ಕಣ್ಣು ಒರೆಸಿಕೊಂಡಳು. ಏಳುವಾಗ ಸಾಹುಕಾರರ ಕಣ್ಣು ಟೇಬಲ್ಲಿನ ಕೆಳಗೆ ಬಿತ್ತು. ಬಗ್ಗಿದರು. ಜಿಪ್ಪು ಎಳೆದು ನೋಡಿದರು, ಗುಂಡಿ ಮುಟ್ಟಿದರು, ಜಾಲರಿಯ ಅಂಚು ಸವರಿದರು. ತಮ್ಮ ಆಫೀಸಿನ ಕಂಪ್ಯೂಟರಿಗೂ ಇಂಥದೊಂದು ಬೇಕು, ಹೊಲಿಯುತ್ತೀರಾ ಅಂತ ಮಾಸ್ಟರನ್ನು ಕೇಳಿದರು.

ಮಾಸ್ಟರ್ ಕೊರಳಿನ ಟೇಪು ತೆಗೆದು ಕೈಗೆ ಸುತ್ತಿಕೊಂಡು, ನನ್ನ ಕಡೆ ಒಮ್ಮೆ ನೋಡಿದರು.

"ಹೊಲಿತೀನ್ರಿ, ಅದಕ್ಕೇನ್ರಿ. ಆದ್ರ ಅದಕ್ಕ ಸೆಕೆನೋ ಥಂಡಿನೋ ಅಂತ ಈ ಡಾಕ್ಟರನ್ನ ಮಾತ್ರ ಕೇಳಬ್ಯಾಡ್ರಿ."